ಡೀಸೆಲ್ ಟ್ಯಾಂಕಿಗೆ ಸುರಿಯುವ ಬಾಟಲಿ: ಎಂಜಿನ್ನಿಗೆಷ್ಟು, ಮೈಲೇಜಿಗೆಷ್ಟು?

ಹಾಸಿಗೆ, ಒಲೆ, ಫ್ರಿಜ್, ನೀರಿನ ಟ್ಯಾಂಕು ಎಲ್ಲವನ್ನೂ ಹೊತ್ತುಕೊಂಡು ಓಡುವ ಮೋಟಾರ್‌ಹೋಮ್ ಡೀಸೆಲ್ ಕುಡಿಯುವುದು ಸ್ವಲ್ಪ ಜಾಸ್ತಿಯೇ. ಹಾಗಾಗಿ ಟ್ಯಾಂಕಿಗೆ ಒಂದು ಬಾಟಲಿ ಅಡಿಟಿವ್ (ಇಂಧನಕ್ಕೆ ಬೆರೆಸುವ ರಾಸಾಯನಿಕ) ಸುರಿದರೆ ಮೈಲೇಜ್ ಶೇಕಡಾ 10ರಷ್ಟು ಏರುತ್ತದೆ ಎಂದು ಯಾರಾದರೂ ಹೇಳಿದರೆ ಅದರ ಮಾಲೀಕರ ಕಿವಿ ನೆಟ್ಟಗಾಗುವುದು ಸಹಜ. ನಂಬುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇರುತ್ತದೆ. 80 ಲೀಟರ್ ಹಿಡಿಯುವ ಟ್ಯಾಂಕ್ ತುಂಬಿದರೆ 2,880 ಮೆಗಾಜೂಲ್. ಅದಕ್ಕೆ 250 ಮಿಲಿಲೀಟರ್ ಅಡಿಟಿವ್ ಬೆರೆಸಿದಿರಿ ಎನ್ನಿ. ಬಾಟಲಿಯಲ್ಲಿರುವುದೂ ಡೀಸೆಲ್‌ನಷ್ಟೇ ಶಕ್ತಿಯುಳ್ಳ ದ್ರವ ಎಂದು ಒಪ್ಪಿಕೊಂಡರೂ ಹೊಸದಾಗಿ ಸೇರಿದ್ದು 9 ಮೆಗಾಜೂಲ್, ಅಂದರೆ ಶೇಕಡಾ 0.3. ಉಳಿದ ಶೇಕಡಾ 9.7 ಎಲ್ಲಿಂದ ಬರಬೇಕು?

ಇದಕ್ಕೆ ಮಾರಾಟಗಾರರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಇಂಧನ ಪೂರ್ತಿ ಉರಿಯುತ್ತದೆ, ವ್ಯರ್ಥವಾಗುತ್ತಿದ್ದುದು ಉಳಿಯುತ್ತದೆ. ಆದರೆ ಸುಸ್ಥಿತಿಯಲ್ಲಿರುವ, ಬಿಸಿಯಾದ ಡೀಸೆಲ್ ಎಂಜಿನ್ ತನ್ನೊಳಗೆ ಬಂದ ಇಂಧನದಲ್ಲಿ ಶೇಕಡಾ 98ಕ್ಕಿಂತ ಹೆಚ್ಚನ್ನು ಈಗಾಗಲೇ ಉರಿಸುತ್ತಿರುತ್ತದೆ. ಉರಿಯದೆ ಹೊರಹೋಗುವ ಪಾಲು ಕಣ್ಣಿಗೆ ಕಪ್ಪು ಹೊಗೆಯಾಗಿ ದೊಡ್ಡದಾಗಿ ಕಂಡರೂ ಶಕ್ತಿಯ ಲೆಕ್ಕದಲ್ಲಿ ಅದು ಅತ್ಯಲ್ಪ. ನಿಜವಾದ ನಷ್ಟ ಆಗುವುದು ಇಂಧನ ಉರಿದ ಮೇಲೆ. ಹುಟ್ಟಿದ ಶಾಖದಲ್ಲಿ ಹೆಚ್ಚೆಂದರೆ ಶೇಕಡಾ 40ರ ಆಸುಪಾಸು ಚಕ್ರ ತಿರುಗಿಸುವ ಕೆಲಸವಾಗುತ್ತದೆ; ಉಳಿದದ್ದು ಹೊಗೆ ಕೊಳವೆಯಲ್ಲಿ ಮತ್ತು ರೇಡಿಯೇಟರಿನಲ್ಲಿ ಹೋಗಿಬಿಡುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೊಡ್ಡಿದ ಎಂಜಿನ್ನಿನ ದಕ್ಷತೆ ಸುಮಾರು ಶೇಕಡಾ 26 ಇತ್ತು. ಅಲ್ಲಿಂದ ಇಲ್ಲಿಯವರೆಗೆ ಬಂದ ಸುಧಾರಣೆ ಟರ್ಬೋ, ಹೆಚ್ಚಿನ ಇಂಜೆಕ್ಷನ್ ಒತ್ತಡ, ನಿಖರವಾದ ಇಲೆಕ್ಟ್ರಾನಿಕ್ ನಿಯಂತ್ರಣ ಇವುಗಳಿಂದ ಬಂದದ್ದು. ಶಾಖ ಎಷ್ಟು ಪಾಲು ಕೆಲಸವಾಗಬಹುದು ಎಂಬುದನ್ನು ಉಷ್ಣಗತಿ ವಿಜ್ಞಾನದ ನಿಯಮಗಳೂ ಎಂಜಿನ್ನಿನ ರಚನೆಯೂ ನಿರ್ಧರಿಸುತ್ತವೆ, ಟ್ಯಾಂಕಿಗೆ ಬಿದ್ದ ಹನಿಗಳಲ್ಲ.

ಹಾಗೆಂದು ಅಡಿಟಿವ್‌ಗಳೆಲ್ಲ ಮೋಸ ಎನ್ನುವುದೂ ತಪ್ಪು. ನಿಮ್ಮ ಟ್ಯಾಂಕಿಗೆ ಬರುವ ಡೀಸೆಲ್‌ನಲ್ಲೇ ಸಂಸ್ಕರಣಾಗಾರದಲ್ಲೋ ವಿತರಣಾ ಡಿಪೋದಲ್ಲೋ ಬೆರೆಸಿದ ಹಲವು ರಾಸಾಯನಿಕಗಳು ಆಗಲೇ ಇರುತ್ತವೆ. ಅವಿಲ್ಲದೆ ಇಂದಿನ ಡೀಸೆಲ್ ಮಾರುವುದೇ ಕಷ್ಟ. ಆದ್ದರಿಂದ ಕೇಳಬೇಕಾದದ್ದು, ಇದರ ಮೇಲೆ ಇನ್ನೊಂದು ಬಾಟಲಿ ಸುರಿದರೆ ಯಾವ ಕೊರತೆ ನೀಗುತ್ತದೆ ಎಂದು.

ಸೀಟೇನ್ ಸಂಖ್ಯೆಯಿಂದಲೇ ಶುರು ಮಾಡೋಣ, ಏಕೆಂದರೆ ಬಾಟಲಿಯ ಮೇಲೆ ಎದ್ದು ಕಾಣುವುದು ಅದೇ. ಬಿಸಿ ಗಾಳಿಯೊಳಕ್ಕೆ ಚಿಮ್ಮಿದ ಡೀಸೆಲ್ ಎಷ್ಟು ಬೇಗ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ ಅದು. ಯುರೋಪಿನ ಇಎನ್ 590 ಮಾನದಂಡ ಕನಿಷ್ಠ 51 ಕೇಳುತ್ತದೆ. ಅಮೆರಿಕದ ಡಿ975 ಮಾನದಂಡಕ್ಕೆ 40 ಸಾಕು. ಈ ಸಂಖ್ಯೆಯನ್ನು ಏರಿಸಲು ಬಳಸುವ ಮುಖ್ಯ ರಾಸಾಯನಿಕ 2-ಇಥೈಲ್‌ಹೆಕ್ಸೈಲ್ ನೈಟ್ರೇಟ್. ಸಿಲಿಂಡರಿನ ಶಾಖಕ್ಕೆ ಅದು ಒಡೆದು, ಉರಿಯುವ ಕ್ರಿಯೆಯನ್ನು ಕಿಡಿಯಂತೆ ಮೊದಲೇ ಆರಂಭಿಸಬಲ್ಲ ಕಣಗಳನ್ನು ಬಿಡುಗಡೆ ಮಾಡುತ್ತದೆ. 42ರ ಇಂಧನಕ್ಕೆ ಇದನ್ನು ಸೇರಿಸಿದರೆ ಚಳಿಯ ಬೆಳಗಿನಲ್ಲಿ ಎಂಜಿನ್ ಬೇಗ ಸ್ಟಾರ್ಟ್ ಆಗುತ್ತದೆ, ಆರಂಭದ ಬಿಳಿ ಹೊಗೆ ಕಡಿಮೆಯಾಗುತ್ತದೆ, ಕಟಕಟ ಸದ್ದು ತಗ್ಗುತ್ತದೆ. ಇದನ್ನು ಕಿವಿಯೇ ಹೇಳುತ್ತದೆ. 51 ದಾಟಿದ ಇಂಧನಕ್ಕೆ ಸೇರಿಸಿದರೆ ಹೆಚ್ಚಿನ ಲಾಭವಿಲ್ಲ.

ಇಷ್ಟಾದರೂ ಸೀಟೇನ್ ಹೆಚ್ಚಿದ ಮಾತ್ರಕ್ಕೆ ಮೈಲೇಜ್ ಹೆಚ್ಚುವುದಿಲ್ಲ. ಸಸ್ಯದೆಣ್ಣೆ ಮತ್ತು ಬಳಸಿದ ಎಣ್ಣೆಗಳಿಗೆ ಹೈಡ್ರೋಜನ್ ಸೇರಿಸಿ ತಯಾರಿಸುವ ಎಚ್‌ವಿಒ ಎಂಬ ಇಂಧನವನ್ನು ನೋಡಿ. ಅದರ ಸೀಟೇನ್ ಸಂಖ್ಯೆ 70ಕ್ಕೂ ಮೇಲೆ. ಅದರಲ್ಲಿ ಎಂಜಿನ್ ಮೃದುವಾಗಿ ಓಡುತ್ತದೆ. ಆದರೆ ಅದು ಸಾಮಾನ್ಯ ಡೀಸೆಲ್‌ಗಿಂತ ಹಗುರ, ಲೀಟರಿಗೆ ಸಿಗುವ ಶಕ್ತಿ ಕೆಲವು ಶೇಕಡಾ ಕಡಿಮೆ. ಹಾಗಾಗಿ ಲೀಟರ್ ಲೆಕ್ಕದ ಮೈಲೇಜ್ ಸ್ವಲ್ಪ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಮೈಲೇಜಿನ ಮಾತಿಗೆ ನಿಜವಾದ ಆಧಾರ ಇರುವುದು ಸಿಲಿಂಡರಿನೊಳಕ್ಕೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ. ಇಂದಿನ ಕಾಮನ್ ರೈಲ್ ವ್ಯವಸ್ಥೆ ಡೀಸೆಲ್ಲನ್ನು 2,000 ಬಾರ್ ಒತ್ತಡದವರೆಗೂ ಹಿಂಡಿ, ಕೂದಲೆಳೆಯಷ್ಟು ಸಣ್ಣ ರಂಧ್ರಗಳಿಂದ ಮಂಜಿನಂತೆ ಸಿಂಪಡಿಸುತ್ತದೆ. ಆ ರಂಧ್ರಗಳಲ್ಲಿ ಕರಿ ಕಟ್ಟಿದರೆ ಮಂಜು ಹೋಗಿ ಹನಿಯಾಗುತ್ತದೆ, ಹೊಗೆ ಏಳುತ್ತದೆ, ಶಕ್ತಿ ಕುಂದುತ್ತದೆ. ಇಂಧನದಲ್ಲಿ ಸತುವಿನ ಅಂಶ ಒಂದು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಇದ್ದರೂ ಈ ಕರಿ ಬೇಗ ಕೂರುತ್ತದೆ; ಇದನ್ನು ತೊಳೆಯುವ ಡಿಟರ್ಜೆಂಟ್ ಅಡಿಟಿವ್‌ಗಳ ಶಕ್ತಿ ಅಳೆಯುವ ಯುರೋಪಿನ ಒಂದು ಪರೀಕ್ಷೆಯಲ್ಲಿ ಬೇಕೆಂದೇ ಇಂಧನಕ್ಕೆ ಸತು ಬೆರೆಸುತ್ತಾರೆ. ಇನ್ನೊಂದು ಬಗೆಯ ಕೊಳೆ ಇಂಜೆಕ್ಟರಿನ ಒಳಭಾಗದಲ್ಲಿ, ಸೂಜಿ ಮೇಲೆ ಕೆಳಗೆ ಚಲಿಸುವ ಜಾಗದಲ್ಲಿ ಕೂರುತ್ತದೆ. ಅಲ್ಲಿ ಬಿಡಿಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ತೆಳು ಪದರ ಕೂತರೂ ಸೂಜಿ ಅಂಟಿಕೊಂಡು, ಎಂಜಿನ್ ಒರಟಾಗಿ ನಡುಗುತ್ತದೆ.

ಈ ಕೊಳೆ ತೆಗೆಯುವ ಡಿಟರ್ಜೆಂಟ್‌ಗಳು ಖಂಡಿತ ಕೆಲಸ ಮಾಡುತ್ತವೆ. ಒಳ್ಳೆಯ ಡಿಟರ್ಜೆಂಟ್ ಸರಿಯಾದ ಪ್ರಮಾಣದಲ್ಲಿ ಹೋದರೆ, ಕಟ್ಟಿದ ರಂಧ್ರ ತೆರೆದುಕೊಂಡು ಕಳೆದುಹೋಗಿದ್ದ ಶಕ್ತಿ ಮರಳಿ ಬರುವುದನ್ನು ಎಂಜಿನ್ ಪರೀಕ್ಷೆಗಳು ತೋರಿಸಿವೆ. ಮರಳಿ ಬರುವುದು ಎಂಬ ಮಾತನ್ನು ಗಮನಿಸಿ. ಹೊಸ ಎಂಜಿನ್ ಕೊಡುತ್ತಿದ್ದ ಮೈಲೇಜಿಗಿಂತ ಮೇಲೆ ಅದು ಏರದು. ವರ್ಷಗಟ್ಟಲೆ ಅಗ್ಗದ ಇಂಧನದಲ್ಲಿ ಓಡಿದ ಹಳೆಯ ಗಾಡಿಗೆ ಇದರಿಂದ ಒಂದಷ್ಟು ಉಪಯೋಗವಾಗಬಹುದು. ಡಿಟರ್ಜೆಂಟ್ ಬೆರೆತ ಪ್ರೀಮಿಯಂ ಡೀಸೆಲ್ ಹಾಕಿಸುತ್ತಾ ಬಂದವರ ಎಂಜಿನ್ನಿನಲ್ಲಿ ತೊಳೆಯಲು ಕೊಳೆಯೇ ಇರುವುದಿಲ್ಲ. ಅಡಿಟಿವ್ ಬಗ್ಗೆ ಒಬ್ಬರು ಹೊಗಳುವುದೂ ಇನ್ನೊಬ್ಬರು ತೆಗಳುವುದೂ ಎರಡೂ ಪ್ರಾಮಾಣಿಕವಾಗಿಯೇ ಇರಲು ಸಾಧ್ಯ ಎನ್ನುವುದಕ್ಕೆ ಇದೇ ಕಾರಣ.

ಪಂಪಿನ ಭಾಗಗಳು ಸವೆಯದಂತೆ ಕಾಯುವ ಇಂಧನದ ಜಾರುತನದ ಕಥೆ ಬೇರೆ. ಗಂಧಕ ತೆಗೆಯಲು ಡೀಸೆಲ್ಲನ್ನು ಹೈಡ್ರೋಜನ್ ಜೊತೆ ಸಂಸ್ಕರಿಸುವಾಗ, ಲೋಹಕ್ಕೆ ಅಂಟಿ ಸವೆತ ತಡೆಯುತ್ತಿದ್ದ ಸಹಜ ಅಂಶಗಳೂ ಹೋಗಿಬಿಡುತ್ತವೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ಅತ್ಯಂತ ಕಡಿಮೆ ಗಂಧಕದ ಡೀಸೆಲ್ ತಂದಾಗ ಅಲ್ಲಿ ಇಂಧನ ಪಂಪುಗಳು ಅಕಾಲದಲ್ಲಿ ಸವೆದು ಕೆಟ್ಟವು. ಆ ಪಂಪುಗಳಿಗೆ ಡೀಸೆಲ್ಲೇ ಎಣ್ಣೆಯೂ ಆಗಿತ್ತು. ಆ ಪಾಠದಿಂದಲೇ ಜಾರುತನದ ಮಿತಿಗಳು ಬಂದವು. ಉಕ್ಕಿನ ಗುಂಡನ್ನು ಇಂಧನದಲ್ಲಿ ಮುಳುಗಿಸಿ ಉಜ್ಜಿದಾಗ ಬೀಳುವ ಗುರುತು ಯುರೋಪಿನಲ್ಲಿ 460 ಮೈಕ್ರಾನ್, ಅಮೆರಿಕದಲ್ಲಿ 520 ಮೈಕ್ರಾನ್ ಮೀರಬಾರದು. ಶೇಕಡಾ 2ರಷ್ಟು ಜೈವಿಕ ಡೀಸೆಲ್ ಬೆರೆಸಿದರೂ ಈ ಕೊರತೆ ನೀಗುತ್ತದೆ, ಯುರೋಪಿನ ಡೀಸೆಲ್‌ನಲ್ಲಂತೂ ಶೇಕಡಾ 7ರವರೆಗೆ ಅದು ಇರಬಹುದು. ಮಾನದಂಡಕ್ಕೆ ಸರಿಯಾದ ಇಂಧನ ಸಿಗುವ ಕಡೆ ಇನ್ನಷ್ಟು ಜಾರುತನ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಇಂಧನದ ಗುಣಮಟ್ಟ ಗೊತ್ತಿಲ್ಲದ ದೂರದ ಊರುಗಳಲ್ಲಿ ಓಡಾಡುವವರು ಇಟ್ಟುಕೊಂಡರೆ ತಪ್ಪಿಲ್ಲ.

ಈವರೆಗೆ ಹೇಳಿದ್ದೆಲ್ಲ ಲಾರಿಗೂ ಕಾರಿಗೂ ಅನ್ವಯಿಸುತ್ತದೆ. ಮೋಟಾರ್‌ಹೋಮಿನ ವಿಶೇಷ ತೊಂದರೆ ಅದು ಓಡುವುದರಲ್ಲಿಲ್ಲ, ನಿಲ್ಲುವುದರಲ್ಲಿದೆ. ಲಾರಿಯ ಟ್ಯಾಂಕ್ ವಾರಕ್ಕೆ ಹಲವು ಬಾರಿ ಬರಿದಾಗಿ ತುಂಬುತ್ತದೆ. ಮೋಟಾರ್‌ಹೋಮ್ ರಜೆ ಮುಗಿದ ಮೇಲೆ ಐದಾರು ತಿಂಗಳು ಒಂದೇ ಜಾಗದಲ್ಲಿ ನಿಂತಿರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ಹಗಲು ಬಿಸಿಯಾಗಿ ರಾತ್ರಿ ತಣಿದು, ಅದರ ತೇವ ಗೋಡೆಯ ಮೇಲೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ಜೈವಿಕ ಡೀಸೆಲ್ ಇದ್ದರೆ ಇಂಧನ ಇನ್ನೂ ಹೆಚ್ಚು ತೇವ ಹೀರುತ್ತದೆ. ತಳದಲ್ಲಿ ನೀರು ನಿಂತಿತೆಂದರೆ ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಜೀವ ಹುಟ್ಟಿಕೊಳ್ಳುತ್ತದೆ. ಹಾರ್ಮೊಕೊನಿಸ್ ರೆಸಿನೆ ಎಂಬ ಶಿಲೀಂಧ್ರ ಇದಕ್ಕೆ ಹೆಸರುವಾಸಿ: ನೀರಿನಲ್ಲಿ ನೆಲೆಸಿ ಡೀಸೆಲ್ಲನ್ನು ಆಹಾರ ಮಾಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳೂ ಜೊತೆಗೂಡಿ ಲೋಳೆ ಕಟ್ಟುತ್ತವೆ, ಆಮ್ಲ ಬಿಡುತ್ತವೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ. ರಜೆಯ ಮೊದಲ ದಿನ ಗಾಡಿ ಕುಲುಕಿದಾಗ ಆ ಲೋಳೆ ಎದ್ದು ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ.

ಇಲ್ಲಿ ಅಡಿಟಿವ್‌ಗೆ ನಾನು ಪೂರ್ಣ ಮನಸ್ಸಿನಿಂದ ಮತ ಹಾಕುತ್ತೇನೆ, ಎರಡು ಷರತ್ತಿನ ಮೇಲೆ. ಮೊದಲನೆಯದು, ಔಷಧಕ್ಕಿಂತ ಮುಂಚೆ ನೀರು ತೆಗೆಯಬೇಕು. ಫಿಲ್ಟರಿನ ಕೆಳಗಿರುವ ನೀರಿನ ಬಟ್ಟಲನ್ನು ಖಾಲಿ ಮಾಡಿ, ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿ ನಿಲ್ಲಿಸಿದರೆ ಶಿಲೀಂಧ್ರಕ್ಕೆ ಮನೆಯೇ ಇರುವುದಿಲ್ಲ. ಆಮೇಲೆ ಸೂಕ್ಷ್ಮಾಣುನಾಶಕ, ಇಂಧನ ಹಳಸದಂತೆ ತಡೆಯುವ ಸ್ಟೆಬಿಲೈಸರ್ ಉಪಯೋಗಕ್ಕೆ ಬರುತ್ತವೆ. ಸ್ಟೆಬಿಲೈಸರನ್ನು ತಾಜಾ ಡೀಸೆಲ್‌ಗೇ ಹಾಕಬೇಕು, ಹಳಸಿದ್ದನ್ನು ಅದು ಹಿಂದಕ್ಕೆ ತಿರುಗಿಸಲಾರದು. ಎರಡನೆಯದು, ನೀರನ್ನು ಡೀಸೆಲ್‌ನಲ್ಲಿ ಕಲಸಿ ಎಂಜಿನ್ನಿಗೇ ಕಳಿಸುವ ಬಗೆಯ ಅಡಿಟಿವ್ ಬೇಡ. ಫಿಲ್ಟರ್ ಹಿಡಿಯಬೇಕಾದ ನೀರು ಹಾಗೆ ಕಲೆತರೆ ಫಿಲ್ಟರ್ ದಾಟಿ 2,000 ಬಾರ್ ಒತ್ತಡದ ಇಂಜೆಕ್ಟರನ್ನೇ ತಲುಪುತ್ತದೆ.

ಚಳಿಯಲ್ಲಿ ಡೀಸೆಲ್ ಹೆಪ್ಪುಗಟ್ಟುವುದನ್ನು ತಡೆಯುವ ಅಡಿಟಿವ್ ಕೂಡ ನಂಬಿಕೆಗೆ ಅರ್ಹವಾದದ್ದೇ. ಡೀಸೆಲ್‌ನಲ್ಲಿರುವ ಮೇಣದಂಶ ತಣಿದಾಗ ಹರಳುಗಟ್ಟುತ್ತದೆ. ಅಡಿಟಿವ್ ಆ ಹರಳುಗಳನ್ನು ಚಿಕ್ಕದಾಗಿಯೇ ಉಳಿಸಿ ಫಿಲ್ಟರಿನಲ್ಲಿ ನುಸುಳುವಂತೆ ಮಾಡುತ್ತದೆ. ಬೇಸಿಗೆಯ ಡೀಸೆಲ್ ತುಂಬಿಕೊಂಡು ಹಿಮದ ಬೆಟ್ಟಕ್ಕೆ ಹೋಗುವವರಿಗೆ ಇದು ಬೇಕು. ಆದರೆ ಹರಳುಗಟ್ಟುವ ಮುನ್ನವೇ ಬೆರೆಸಿರಬೇಕು. ಕಟ್ಟಿದ ಮೇಣವನ್ನು ಅದು ಕರಗಿಸುವುದಿಲ್ಲ.

ಹಾನಿಯ ಮಾತನ್ನೂ ಹೇಳಲೇಬೇಕು. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಗಾಡಿಗೆ, ತಯಾರಕರೇ ಹೇಳದ ಹೊರತು, ಕಬ್ಬಿಣ, ಮ್ಯಾಂಗನೀಸ್‌ನಂಥ ಲೋಹವಿರುವ ಅಡಿಟಿವ್ ಹಾಕಬಾರದು. ಮಸಿ ಉರಿದು ಹೋಗುತ್ತದೆ, ಲೋಹದ ಬೂದಿ ಉರಿಯುವುದಿಲ್ಲ, ಅಲ್ಲೇ ತುಂಬಿಕೊಳ್ಳುತ್ತದೆ. ಇನ್ನು ಆಡ್‌ಬ್ಲೂ ಎಂಬುದು ಡೀಸೆಲ್ ಅಡಿಟಿವ್ ಅಲ್ಲವೇ ಅಲ್ಲ. ಅದು ಹೊಗೆಯಲ್ಲಿನ ವಿಷಾನಿಲ ತಗ್ಗಿಸಲು ಬಳಸುವ, ನೀರಿನಲ್ಲಿ ಶೇಕಡಾ 32.5 ಯೂರಿಯಾ ಕರಗಿಸಿದ ದ್ರಾವಣ, ಅದಕ್ಕೆ ಬೇರೆಯದೇ ಟ್ಯಾಂಕ್ ಇದೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಹಾಕಿದರೆ ಇಗ್ನಿಷನ್ ಕೀ ತಿರುಗಿಸದೆ ಮೆಕ್ಯಾನಿಕ್‌ನನ್ನು ಕರೆಸಬೇಕು.

ಅಡಿಟಿವ್ ಹಾಕಿದ ಮೇಲೆ ಮೈಲೇಜ್ ಏರಿತು ಎನ್ನುವ ಅನುಭವಗಳ ಕಥೆ ಏನು? ಮೈಲೇಜ್ ಕೆಟ್ಟಿದ್ದಾಗಲೇ ಜನ ಬಾಟಲಿ ಕೊಳ್ಳುತ್ತಾರೆ. ಎದುರುಗಾಳಿಯಿಂದಲೋ ಏರುದಾರಿಯಿಂದಲೋ ಕೆಟ್ಟಿದ್ದ ಮೈಲೇಜ್ ಮುಂದಿನ ಪ್ರಯಾಣದಲ್ಲಿ ತಾನಾಗಿಯೇ ಸುಧಾರಿಸುತ್ತದೆ, ಕೀರ್ತಿ ಬಾಟಲಿಗೆ ಸಲ್ಲುತ್ತದೆ. ಮೈಲೇಜ್ ಅಳೆಯಲು ಹೊರಟವರ ಕಾಲು ಆಕ್ಸಿಲರೇಟರ್ ಮೇಲೆ ಹಗುರವಾಗುವುದೂ ಇದೆ. ವೇಗದ ಪರಿಣಾಮ ಎಷ್ಟು ದೊಡ್ಡದು ನೋಡಿ. ಎದುರು ಮೈ 6 ಚದರ ಮೀಟರ್, ಗಾಳಿ ಪ್ರತಿರೋಧ ಗುಣಾಂಕ 0.5, ತೂಕ 3,500 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆ ಸುಮಾರು 1,390 ನ್ಯೂಟನ್, ಟೈರಿನ ತಡೆ ಸುಮಾರು 340. ವೇಗವನ್ನು 90ಕ್ಕೆ ಇಳಿಸಿದರೆ ಗಾಳಿಯ ತಡೆ 1,125ಕ್ಕೆ ಇಳಿದು, ಒಟ್ಟು ತಡೆ ಶೇಕಡಾ 15ರಷ್ಟು ಕಡಿಮೆಯಾಗುತ್ತದೆ. ಯಾವ ಬಾಟಲಿಯೂ ಧೈರ್ಯವಾಗಿ ಕೊಡಲಾಗದ ಉಳಿತಾಯ ಇದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುವುದಾಗಿ ಹೇಳಿಕೊಂಡ ನೂರಕ್ಕೂ ಹೆಚ್ಚು ಉಪಕರಣ, ಅಡಿಟಿವ್‌ಗಳನ್ನು ಪರಿಶೀಲಿಸಿದಾಗಲೂ ಲಾಭ ಕಂಡದ್ದು ಕೆಲವೇ ಕೆಲವಕ್ಕೆ, ಅದೂ ಅಲ್ಪ. ಆ ಸಂಸ್ಥೆಯಲ್ಲಿ ನೋಂದಣಿಯಾಗಿದೆ ಎಂದು ಬಾಟಲಿಯ ಮೇಲೆ ಬರೆದಿದ್ದರೆ ಅದು ನೋಂದಣಿ ಮಾತ್ರ, ಮೈಲೇಜಿಗೆ ಕೊಟ್ಟ ಪ್ರಮಾಣಪತ್ರವಲ್ಲ.

ಸ್ವತಃ ಪರೀಕ್ಷಿಸುವ ಆಸೆ ಇರುವವರು ಲಾರಿ ಉದ್ಯಮದ ಎಸ್‌ಎಇ ಜೆ1321 ವಿಧಾನದಿಂದ ಒಂದು ಅಂಶ ಕಲಿಯಬಹುದು. ಅಲ್ಲಿ ಪರೀಕ್ಷೆಯ ಲಾರಿಯ ಜೊತೆಗೆ ಏನನ್ನೂ ಬದಲಿಸದ ಇನ್ನೊಂದು ಲಾರಿ ಅದೇ ಹೊತ್ತಿನಲ್ಲಿ ಅದೇ ದಾರಿಯಲ್ಲಿ ಓಡುತ್ತದೆ. ಗಾಳಿ, ತಾಪ ಎರಡಕ್ಕೂ ಒಂದೇ ಆಗುತ್ತದೆ. ಇಂಧನವನ್ನು ತೂಕದ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದೇ ಗಾಡಿ ಇರುವವರು ಅದೇ ದಾರಿ, ಅದೇ ಹೊರೆ, ಕ್ರೂಸ್ ಕಂಟ್ರೋಲಿನ ಅದೇ ವೇಗ ಇಟ್ಟುಕೊಂಡು, ಅಡಿಟಿವ್ ಹಾಕಿದ ಮತ್ತು ಹಾಕದ ಟ್ಯಾಂಕುಗಳನ್ನು ಅದಲು ಬದಲು ಮಾಡುತ್ತಾ ಹಲವು ಬಾರಿ ಓಡಿಸಿ ನೋಡಬೇಕು. ಯಾವ ಟ್ಯಾಂಕಿನಲ್ಲಿ ಅಡಿಟಿವ್ ಇದೆ ಎಂದು ಚಾಲಕರಿಗೆ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಇಎನ್ 590 ಪ್ರಕಾರ ಡೀಸೆಲ್‌ನ ಸಾಂದ್ರತೆಯೇ ಘನ ಮೀಟರಿಗೆ 820ರಿಂದ 845 ಕಿಲೋಗ್ರಾಂವರೆಗೆ ಇರಬಹುದು. ಅಂದರೆ ಬೇರೆ ಬೇರೆ ಬಂಕಿನ ಎರಡು ಟ್ಯಾಂಕುಗಳ ನಡುವೆ, ಬಾಟಲಿ ಮುಟ್ಟದೆಯೇ, ಸುಮಾರು ಶೇಕಡಾ 3ರ ವ್ಯತ್ಯಾಸ ಬರಬಹುದು.