ಸರ್ಕಾರ ಬೀಳದ ಮಧ್ಯಂತರ ಚುನಾವಣೆ

2018ರ ನವೆಂಬರ್. ದೀಪಾವಳಿ ರಜೆ ಮುಗಿದು ಕಾಲೇಜು ಶುರುವಾಗಿತ್ತು. ಎರಡನೇ ವರ್ಷದ ಬಿಎ ತರಗತಿಗೆ ಕಾಲಿಡುತ್ತಿದ್ದಂತೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ಟ್ರಂಪ್ ಸರ್ಕಾರ ಬಿದ್ದೋಯ್ತಾ?"

ಯಾರೂ ನಗಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಪ್ರಶ್ನೆ ಇದ್ದಂತೆ ಕಂಡಿತು. ಅಮೆರಿಕದ ಮಧ್ಯಂತರ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷ ಕೆಳಮನೆಯನ್ನು ಕಳೆದುಕೊಂಡಿತು ಅಂತ ಸುದ್ದಿ ಬಂದಿತ್ತು. ಅದೇ ವಾರ ನಮ್ಮಲ್ಲೂ ಬಳ್ಳಾರಿ, ಶಿವಮೊಗ್ಗ, ಮಂಡ್ಯ ಲೋಕಸಭಾ ಕ್ಷೇತ್ರಗಳು ಮತ್ತು ರಾಮನಗರ, ಜಮಖಂಡಿ ವಿಧಾನಸಭಾ ಕ್ಷೇತ್ರಗಳ ಉಪಚುನಾವಣೆಯ ಎಣಿಕೆ ನಡೆದಿತ್ತು. ಮಧ್ಯಂತರ ಯಾವುದು, ಉಪ ಯಾವುದು ಅಂತ ಮಕ್ಕಳಿಗೆ ಗೋಜಲಾಗಿತ್ತು.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ. ನಾಲ್ಕು ವರ್ಷಕ್ಕೊಮ್ಮೆ ಈ ಪ್ರಶ್ನೆ ಯಾವುದಾದರೊಂದು ರೂಪದಲ್ಲಿ ಬಂದೇ ಬರುತ್ತದೆ. ಇದು ಹುಡುಗರ ತಪ್ಪಲ್ಲ. ನಾವು ಬಳಸುವ ಪದವೇ ಅವರನ್ನು ದಾರಿ ತಪ್ಪಿಸುತ್ತದೆ. ಭಾರತದಲ್ಲಿ ಮಧ್ಯಂತರ ಚುನಾವಣೆ ಅಂದರೆ ಅವಧಿ ಮುಗಿಯುವ ಮೊದಲೇ ಸದನ ವಿಸರ್ಜನೆಯಾಗಿ ನಡೆಯುವ ಚುನಾವಣೆ. 1971ರಲ್ಲಿ ಇಂದಿರಾ ಗಾಂಧಿ ಒಂದು ವರ್ಷ ಮೊದಲೇ ಚುನಾವಣೆಗೆ ಹೋದರು. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಒಂದು ಮತದಿಂದ ಬಿತ್ತು, ಮತ್ತೆ ಚುನಾವಣೆ ಬಂತು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ರಾಮಕೃಷ್ಣ ಹೆಗಡೆಯವರದ್ದಿದೆ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಇಲ್ಲಿನ 28ರಲ್ಲಿ 24 ಸ್ಥಾನ ಗೆದ್ದಿತು. ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ಹೆಗಡೆಯವರು ರಾಜೀನಾಮೆ ಕೊಟ್ಟು, 1985ರಲ್ಲಿ ಮತ್ತೆ ಜನರ ಮುಂದೆ ಹೋಗಿ, 139 ಸ್ಥಾನಗಳೊಂದಿಗೆ ವಾಪಸ್ ಬಂದರು.

ಇಲ್ಲೆಲ್ಲ ಏನೋ ಒಂದು ಮುರಿದಿದೆ ಅಥವಾ ಯಾರೋ ಪಣಕ್ಕಿಟ್ಟಿದ್ದಾರೆ. ಅಮೆರಿಕದಲ್ಲಿ ಏನೂ ಮುರಿದಿರುವುದಿಲ್ಲ. ಅದು ಕ್ಯಾಲೆಂಡರಿನಲ್ಲಿ ಮೊದಲೇ ಅಚ್ಚಾಗಿರುವ ದಿನ. ನವೆಂಬರ್‌ನ ಮೊದಲ ಸೋಮವಾರ ಕಳೆದ ಮೇಲೆ ಬರುವ ಮಂಗಳವಾರ. ಅಧ್ಯಕ್ಷರ ಚುನಾವಣೆಗೆ ಈ ಮಂಗಳವಾರ ಗೊತ್ತಾಗಿದ್ದು 1845ರ ಕಾನೂನಿನಿಂದ, ಆಮೇಲೆ ಕೆಳಮನೆಗೂ ಅದೇ ಬಂತು. ಆಗಿನ ಅಮೆರಿಕ ರೈತರ ದೇಶ. ಭಾನುವಾರ ಚರ್ಚು. ಊರಿಂದ ಗಾಡಿ ಕಟ್ಟಿಕೊಂಡು ಮತಗಟ್ಟೆ ಇರುವ ಪಟ್ಟಣಕ್ಕೆ ಬರಲು ಒಂದು ದಿನ ಬೇಕು. ಬುಧವಾರ ಹಲವು ಕಡೆ ಸಂತೆ. ಹಾಗಾಗಿ ಮಂಗಳವಾರವೇ ಅನುಕೂಲ. ಈಗ ಗಾಡಿಯೂ ಇಲ್ಲ, ಸಂತೆಯೂ ಇಲ್ಲ, ಮಂಗಳವಾರ ಮಾತ್ರ ಉಳಿದಿದೆ. ದೇಶಕ್ಕೆಲ್ಲ ಅನ್ವಯಿಸುವ ರಜೆಯೂ ಆ ದಿನ ಇಲ್ಲ. ಮತದಾನದ ದಿನ ಸಂಬಳ ಸಹಿತ ರಜೆ ಸಿಗುವ ನಮಗೆ ಇದು ವಿಚಿತ್ರ ಅನಿಸುತ್ತದೆ. ಗಂಟೆ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸೊಬ್ಬಳು ಆ ಮಂಗಳವಾರ ಸಾಲಿನಲ್ಲಿ ನಿಲ್ಲಬೇಕಾದರೆ ಅವತ್ತಿನ ಕೂಲಿ ಬಿಡಬೇಕಾಗಬಹುದು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ದೊಡ್ಡ ವಿಷಯವಾಗುತ್ತದೆ.

ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಮೂರು ಅಂಕಿ ಬರೆಯುತ್ತೇನೆ: 2, 4, 6. ಕೆಳಮನೆಯ 435 ಸದಸ್ಯರಿಗೆ ಎರಡು ವರ್ಷ. ಅಧ್ಯಕ್ಷರಿಗೆ ನಾಲ್ಕು. ಮೇಲ್ಮನೆಯಾದ ಸೆನೆಟಿನ 100 ಸದಸ್ಯರಿಗೆ ಆರು, ಆದರೆ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗಕ್ಕೆ ಚುನಾವಣೆ. ಈ ಕೊನೆಯದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ನಮ್ಮ ರಾಜ್ಯಸಭೆ, ವಿಧಾನ ಪರಿಷತ್ತು ಎರಡೂ ಹೀಗೇ ನಡೆಯುವುದು ಅಲ್ವಾ? ಅಧ್ಯಕ್ಷರು ಗೆದ್ದು ಎರಡು ವರ್ಷವಾದಾಗ ಬರುವ ಈ ಚುನಾವಣೆಯನ್ನು ನಾನು "ನಡು ಅವಧಿ ಚುನಾವಣೆ" ಅನ್ನುತ್ತೇನೆ. ಮಧ್ಯಂತರ ಅನ್ನುವ ಪದವನ್ನು ನಮ್ಮ ಸದನಗಳಿಗೇ ಬಿಟ್ಟುಬಿಡೋಣ. ಅಧ್ಯಕ್ಷರ ಹೆಸರು ಈ ಮತಪತ್ರದಲ್ಲಿ ಇರುವುದೇ ಇಲ್ಲ. ಎರಡೂ ಮನೆ ಕೈತಪ್ಪಿದರೂ ಅವರು ಶ್ವೇತಭವನದಲ್ಲೇ ಇರುತ್ತಾರೆ.

ಹೆಸರಿಲ್ಲದಿದ್ದರೂ ಪೆಟ್ಟು ಬೀಳುವುದು ಅವರಿಗೇ. 1934ರಿಂದ 2022ರವರೆಗಿನ ನಡು ಅವಧಿ ಚುನಾವಣೆಗಳಲ್ಲಿ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸ್ಥಾನ ಹೆಚ್ಚಿಸಿಕೊಂಡದ್ದು ಮೂರೇ ಸಲ. ಮಹಾ ಆರ್ಥಿಕ ಕುಸಿತದ ನಡುವೆ 1934ರಲ್ಲಿ, ಅಧ್ಯಕ್ಷ ಕ್ಲಿಂಟನ್ ಅವರನ್ನು ಹುದ್ದೆಯಿಂದ ಇಳಿಸುವ ಮಹಾಭಿಯೋಗದ ಮಾತು ನಡೆದಿದ್ದ 1998ರಲ್ಲಿ, ಅವಳಿ ಗೋಪುರ ದಾಳಿಯ ಮರುವರ್ಷ 2002ರಲ್ಲಿ. ಉಳಿದಂತೆ ಬರೀ ನಷ್ಟವೇ. 1994ರಲ್ಲಿ ಕ್ಲಿಂಟನ್ ಅವರ ಡೆಮಾಕ್ರಾಟಿಕ್ ಪಕ್ಷ 54 ಸ್ಥಾನ ಬಿಟ್ಟುಕೊಟ್ಟಿತು. 40 ವರ್ಷಗಳ ನಂತರ ಎದುರಾಳಿ ಪಕ್ಷವಾದ ರಿಪಬ್ಲಿಕನ್ನರ ಕೈಗೆ ಕೆಳಮನೆ ಹೋಯಿತು. 2010ರಲ್ಲಿ ಅದೇ ಡೆಮಾಕ್ರಾಟಿಕ್ ಪಕ್ಷದ ಒಬಾಮಾ ಅಧ್ಯಕ್ಷರಾಗಿದ್ದಾಗ ಅವರ ಪಕ್ಷ 63 ಸ್ಥಾನ ಕಳೆದುಕೊಂಡಿತು.

ಯಾಕೆ ಹೀಗೆ? ಗೆದ್ದವರ ಕಡೆಯವರಿಗೆ ಎರಡು ವರ್ಷದಲ್ಲಿ ಉತ್ಸಾಹ ಇಳಿದಿರುತ್ತದೆ. ಸೋತವರ ಕಡೆಯವರಿಗೆ ಸಿಟ್ಟು ಏರಿರುತ್ತದೆ. ಸಿಟ್ಟು ಬಂದವರು ಮಳೆ ಬಂದರೂ ಮತಗಟ್ಟೆಗೆ ಹೋಗುತ್ತಾರೆ. ಇದಕ್ಕಿಂತ ಜಟಿಲ ವಿವರಣೆಗಳೂ ಇವೆ. ನನಗೆ ಇಷ್ಟು ಸಾಕು ಅನಿಸಿದೆ, ಯಾಕೆಂದರೆ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಯಾರು ಮತ ಹಾಕಲು ಬಂದರು, ಯಾರು ಮನೆಯಲ್ಲೇ ಉಳಿದರು ಅನ್ನುವುದರ ಮೇಲೆ.

2014ರ ಕಥೆಯನ್ನು ನಾನು ಪ್ರತಿ ತಂಡಕ್ಕೂ ಬಿಡದೆ ಹೇಳುತ್ತೇನೆ. ಆ ವರ್ಷ ಅರ್ಹ ಮತದಾರರಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 36. ಎರಡನೇ ಮಹಾಯುದ್ಧದ ಕಾಲದ 1942ರ ನಂತರ ಅಷ್ಟು ಕಡಿಮೆ ಮತದಾನ ಆಗಿರಲಿಲ್ಲ. ಯಾರಿಗೂ ಅದು ದೊಡ್ಡ ಚುನಾವಣೆ ಅನಿಸಿರಲಿಲ್ಲ. ರಿಪಬ್ಲಿಕನ್ನರು ಸೆನೆಟಿನಲ್ಲಿ 9 ಸ್ಥಾನ ಹೆಚ್ಚು ಗೆದ್ದು 54ಕ್ಕೆ ಏರಿದರು. ಸೆನೆಟ್ ಅವರದಾಯಿತು. ಅಷ್ಟೇ.

2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ತೀರಿಕೊಂಡರು. ಅಮೆರಿಕದಲ್ಲಿ ನ್ಯಾಯಮೂರ್ತಿಗಳನ್ನು ಅಧ್ಯಕ್ಷರು ಸೂಚಿಸುತ್ತಾರೆ, ಸೆನೆಟ್ ಒಪ್ಪಬೇಕು. ನಮ್ಮ ಹಾಗೆ ನ್ಯಾಯಮೂರ್ತಿಗಳೇ ಹೆಸರು ಆರಿಸುವ ಕೊಲಿಜಿಯಂ ಇಲ್ಲ, ನಿವೃತ್ತಿ ವಯಸ್ಸೂ ಇಲ್ಲ, ಬದುಕಿರುವವರೆಗೂ ಕೂರಬಹುದು. ಒಬಾಮಾ ಮಾರ್ಚಿನಲ್ಲಿ ಮೆರಿಕ್ ಗಾರ್ಲೆಂಡ್ ಹೆಸರು ಕಳಿಸಿದರು. ರಿಪಬ್ಲಿಕನ್ ಸೆನೆಟ್ ಅವರನ್ನು ತಿರಸ್ಕರಿಸಲೂ ಇಲ್ಲ, ಕರೆದು ವಿಚಾರಿಸಲೂ ಇಲ್ಲ. ಸುಮ್ನೆ ಇಟ್ಟುಕೊಂಡಿತು. ಆ ವರ್ಷ ರಿಪಬ್ಲಿಕನ್ ಪಕ್ಷದ ಟ್ರಂಪ್ ಗೆದ್ದರು. 2017ರಲ್ಲಿ ಆ ಕುರ್ಚಿಗೆ ನೀಲ್ ಗೋರ್ಸಚ್ ಬಂದರು. ಮುಂದೆ ಟ್ರಂಪ್ ಸೂಚಿಸಿದ ಇನ್ನಿಬ್ಬರು ಸೇರಿದರು. 2022ರ ಜೂನ್ 24ರಂದು ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ 1973ರಿಂದ ಇದ್ದ ಸಂವಿಧಾನದ ರಕ್ಷಣೆಯನ್ನು ತೆಗೆದುಹಾಕಿತು. ಹಾಗೆ ತೀರ್ಪು ಕೊಟ್ಟ ಐವರಲ್ಲಿ ಗೋರ್ಸಚ್ ಒಬ್ಬರು.

ಈಗ ಹಿಂದಕ್ಕೆ ಹೋಗಿ ನೋಡಿ. 2014ರ ಆ ಮಂಗಳವಾರ ಕೂಲಿ ಬಿಡಲಾಗದೆ ಮನೆಯಲ್ಲೇ ಉಳಿದ ಹೆಂಗಸಿಗೆ, ತಾನು ಎಂಟು ವರ್ಷ ಆಚೆಗಿನ ತನ್ನ ಮಗಳ ಹಕ್ಕಿನ ಬಗ್ಗೆ ಮತ ಹಾಕದೆ ಉಳಿದೆ ಅಂತ ಹೇಗೆ ಗೊತ್ತಾಗಬೇಕು? ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ತೀರ್ಪು ಸರಿಯೋ ತಪ್ಪೋ ಅನ್ನುವುದನ್ನು ವಿದ್ಯಾರ್ಥಿಗಳೇ ಚರ್ಚಿಸಲಿ ಅಂತ ಬಿಡುತ್ತೇನೆ. ಆದರೆ ನೂರರಲ್ಲಿ 64 ಜನ ಹೊರಗುಳಿದ ದಿನ ಇಷ್ಟು ದೊಡ್ಡ ವಿಷಯದ ಬೀಜ ಬಿತ್ತು ಅನ್ನುವುದನ್ನು ಅವರು ಮರೆಯಬಾರದು.

2018ರಲ್ಲಿ ಮತದಾನ ನೂರಕ್ಕೆ ಸುಮಾರು 50 ತಲುಪಿತು. ನಡು ಅವಧಿಗೆ ಅದು ಒಂದು ಶತಮಾನದಲ್ಲೇ ಅತಿ ಹೆಚ್ಚು. 2022ರಲ್ಲಿ ಆ ತೀರ್ಪಿನ ಬಿಸಿ ನೇರವಾಗಿ ಕಂಡಿತು. ಬೈಡನ್ ಪಕ್ಷ ಕೊಚ್ಚಿಹೋಗುತ್ತದೆ ಅಂತ ಹಲವರು ಹೇಳಿದ್ದರು. ಕೆಳಮನೆಯಲ್ಲಿ ಕಳೆದುಕೊಂಡದ್ದು 9 ಸ್ಥಾನ, ಸೆನೆಟಿನಲ್ಲಿ ಒಂದು ಹೆಚ್ಚೇ ಬಂತು. ಮಿಷಿಗನ್ ರಾಜ್ಯದ ಮತದಾರರು ಅದೇ ದಿನ ಗರ್ಭಪಾತದ ಹಕ್ಕನ್ನು ತಮ್ಮ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಅದೇ ರಾಜ್ಯದ ಡೆಟ್ರಾಯ್ಟ್ ಭಾಗದ ಕ್ಷೇತ್ರದಿಂದ ಆ ದಿನ ಕೆಳಮನೆಗೆ ಗೆದ್ದವರು ಶ್ರೀ ಥಾಣೇದಾರ್, ನಮ್ಮ ಬೆಳಗಾವಿಯಲ್ಲಿ ಬೆಳೆದವರು. ಈ ವಿಷಯ ಹೇಳಿದಾಗ ತರಗತಿಯ ಮುಖವೇ ಬೇರೆಯಾಗುತ್ತದೆ. "ಅವರಿಗೆ ಬಿ ಫಾರ್ಮ್ ಯಾರು ಕೊಟ್ಟರು ಮೇಡಂ?" ಅಂತ ಮುಂದಿನ ಪ್ರಶ್ನೆ.

ಒಳ್ಳೆಯ ಪ್ರಶ್ನೆ. ಅಲ್ಲಿ ಬಿ ಫಾರ್ಮ್ ಇಲ್ಲ. ಹೈಕಮಾಂಡ್ ಮನೆಯ ಮುಂದೆ ಕಾಯುವಂತಿಲ್ಲ. ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸಲು ಮೊದಲೇ ಒಂದು ಚುನಾವಣೆ ನಡೆಯುತ್ತದೆ, ಅದಕ್ಕೆ ಪ್ರೈಮರಿ ಅನ್ನುತ್ತಾರೆ. ಜನರೇ ಟಿಕೆಟ್ ಕೊಡುತ್ತಾರೆ, ಜನರೇ ಕಿತ್ತುಕೊಳ್ಳುತ್ತಾರೆ. 2014ರಲ್ಲಿ ಎರಿಕ್ ಕ್ಯಾಂಟರ್ ಕೆಳಮನೆಯ ಬಹುಮತ ಪಕ್ಷದ ನಾಯಕರು, ಸ್ಪೀಕರ್ ಬಿಟ್ಟರೆ ಅವರೇ ಎರಡನೆಯವರು. ವರ್ಜೀನಿಯಾದ ಪ್ರೈಮರಿಯಲ್ಲಿ ಕ್ಯಾಂಟರ್ ಅವರನ್ನು ಅವರದೇ ಪಕ್ಷದ ಡೇವಿಡ್ ಬ್ರ್ಯಾಟ್ ಸೋಲಿಸಿದರು. ಬ್ರ್ಯಾಟ್ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಮ್ಮ ಅರ್ಥಶಾಸ್ತ್ರ ವಿಭಾಗದವರಿಗೆ ಬಹಳ ಖುಷಿಯಾಗಿತ್ತು. ಆದರೆ ಪ್ರೈಮರಿಗೆ ಬರುವವರು ಇನ್ನೂ ಕಡಿಮೆ, ಬಂದವರಲ್ಲಿ ಕಟ್ಟಾ ನಿಲುವಿನವರು ಜಾಸ್ತಿ. ಹಾಗಾಗಿ ಎರಡೂ ಪಕ್ಷಗಳ ಅಭ್ಯರ್ಥಿಗಳು ತಂತಮ್ಮ ಅಂಚಿಗೆ ಸರಿಯುತ್ತಾರೆ. ನಡುವೆ ನಿಂತು ಮಾತಾಡುವವರು ಉಳಿಯುವುದು ಕಷ್ಟ.

ಪಕ್ಷಾಂತರ ನಿಷೇಧ ಕಾಯ್ದೆಯೂ ಅಲ್ಲಿಲ್ಲ. ವಿಪ್, ಅಂದರೆ ಪಕ್ಷದ ಆದೇಶ, ಉಲ್ಲಂಘಿಸಿದರೆ ಸದಸ್ಯತ್ವ ಹೋಗುವುದಿಲ್ಲ. 2017ರ ಜುಲೈನಲ್ಲಿ ಸೆನೆಟರ್ ಜಾನ್ ಮೆಕೇನ್ ತಮ್ಮದೇ ಪಕ್ಷದ ಆರೋಗ್ಯ ಮಸೂದೆಗೆ ಹೆಬ್ಬೆರಳು ಕೆಳಗೆ ಮಾಡಿ ಬೇಡ ಅಂದರು, ಮಸೂದೆ ಬಿದ್ದುಹೋಯಿತು. ಅದಕ್ಕೇ ಅಲ್ಲಿ ಒಂದೊಂದು ಸ್ಥಾನಕ್ಕೂ ಅಷ್ಟು ಬೆಲೆ. ಕೆಳಮನೆಯ ಬಹುಮತ ನಾಲ್ಕೈದು ಸ್ಥಾನಕ್ಕೆ ಇಳಿದರೆ ಯಾವ ನಾಲ್ವರು ಮುನಿಸಿಕೊಂಡರೂ ಕೆಲಸ ನಿಲ್ಲುತ್ತದೆ. 2023ರ ಜನವರಿಯಲ್ಲಿ ಸ್ಪೀಕರ್ ಆಯ್ಕೆಗೆ 15 ಸಲ ಮತದಾನ ಮಾಡಬೇಕಾಯಿತು. ಹಾಗೆ ಗೆದ್ದ ಕೆವಿನ್ ಮೆಕಾರ್ಥಿಯನ್ನು ಅಕ್ಟೋಬರಿನಲ್ಲಿ ಇಳಿಸಿಯೂ ಬಿಟ್ಟರು.

ಕ್ಷೇತ್ರಗಳ ಗಡಿಯ ವಿಷಯ ಒಂದು ಪಾಠಕ್ಕೆ ಮುಗಿಯುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಪುನರ್‌ವಿಂಗಡಣೆಗೆ ಪ್ರತ್ಯೇಕ ಆಯೋಗ ಇದೆ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಶಾಸಕರೇ ಗೆರೆ ಎಳೆಯುತ್ತಾರೆ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಎಳೆಯುವುದು ರೂಢಿ. 2025ರಲ್ಲಿ ಟೆಕ್ಸಾಸ್ ನಡುವೆಯೇ ಹೊಸ ನಕ್ಷೆ ಮಾಡಿತು, ರಿಪಬ್ಲಿಕನ್ನರಿಗೆ ಇನ್ನೂ ಐದು ಸ್ಥಾನ ಸಿಗಲಿ ಅಂತ. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ ಜನಮತ ಕೇಳಿ ಡೆಮಾಕ್ರಾಟರಿಗೆ ಅನುಕೂಲವಾಗುವ ನಕ್ಷೆ ತಂದಿತು. ಮತದಾರರು ಪ್ರತಿನಿಧಿಯನ್ನು ಆರಿಸಬೇಕಾದ ಕಡೆ ಪ್ರತಿನಿಧಿಗಳು ಮತದಾರರನ್ನು ಆರಿಸುವುದು ನನಗೆ ಸರಿ ಕಾಣುವುದಿಲ್ಲ, ಯಾವ ಪಕ್ಷ ಮಾಡಿದರೂ.

ಪೋಷಕರ ಸಭೆಗೆ ಬಂದವರು ಕೇಳುವ ಪ್ರಶ್ನೆ ಬೇರೆ. "ನಮ್ಮ ದೊಡ್ಡ ಮಗ ಅಲ್ಲಿದ್ದಾನೆ, ಹತ್ತು ವರ್ಷವಾಯಿತು, ಇನ್ನೂ ಗ್ರೀನ್ ಕಾರ್ಡ್ ಬಂದಿಲ್ಲ. ಈ ಚುನಾವಣೆಯಿಂದ ಏನಾದರೂ ಬದಲಾಗುತ್ತಾ ಮೇಡಂ?" ಅವರಿಗೆ ಹೇಳುವುದು ಇದು. ವೀಸಾ ಶುಲ್ಕ, ಪರಿಶೀಲನೆ, ಕಚೇರಿಯ ವೇಗ ಇಂಥವು ಅಧ್ಯಕ್ಷರ ಆಡಳಿತದಿಂದ ಬದಲಾಗಬಹುದು. ಆದರೆ ಉದ್ಯೋಗದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್, ಅದರಲ್ಲಿ ಒಂದು ದೇಶದವರಿಗೆ ಹೆಚ್ಚೆಂದರೆ ಶೇಕಡ 7 ಅನ್ನುವ ಮಿತಿ ಕಾನೂನಿನಲ್ಲಿದೆ. ಭಾರತದ ಸರದಿ ಉದ್ದವಾಗಿರುವುದು ಅದರಿಂದಲೇ. ಕಾನೂನು ಬದಲಿಸಲು ಎರಡೂ ಮನೆ ಬೇಕು. 2018ರಲ್ಲಿ ಆಯ್ಕೆಯಾದ ಕೆಳಮನೆ 2019ರ ಜುಲೈನಲ್ಲಿ ಈ ಮಿತಿ ತೆಗೆಯುವ ಮಸೂದೆಯನ್ನು 365ಕ್ಕೆ 65 ಮತಗಳಿಂದ ಒಪ್ಪಿತು. ಎರಡು ಪಕ್ಷದವರೂ ಸೇರಿದ್ದರು. ಸೆನೆಟ್ 2020ರ ಡಿಸೆಂಬರಿನಲ್ಲಿ ತನ್ನದೇ ಬೇರೆ ರೂಪದ ಮಸೂದೆ ಒಪ್ಪಿತು. ಎರಡೂ ಒಂದಾಗುವಷ್ಟರಲ್ಲಿ ಆ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಅವಧಿಯೇ ಮುಗಿಯಿತು. ಅವಧಿ ಮುಗಿದರೆ ಮಸೂದೆಯೂ ಸತ್ತ ಹಾಗೆ, ಮತ್ತೆ ಮೊದಲಿಂದ. ಇದನ್ನು ಕೇಳಿ ಒಬ್ಬ ತಾಯಿ, "ಇಷ್ಟು ಹತ್ತಿರ ಬಂದಿತ್ತಾ?" ಅಂದರು. ಹೌದಮ್ಮ, ಅಷ್ಟು ಹತ್ತಿರ ಬಂದಿತ್ತು.

2026ರ ನಡು ಅವಧಿ ಚುನಾವಣೆ ನವೆಂಬರ್ 3ಕ್ಕೆ. ಕೆಳಮನೆಯ 435 ಸ್ಥಾನಗಳ ಜೊತೆಗೆ 36 ರಾಜ್ಯಗಳ ಗವರ್ನರ್ ಹುದ್ದೆಗೂ ಮತದಾನ. ಅಲ್ಲಿ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಹಾಗಲ್ಲ, ನಮ್ಮ ಮುಖ್ಯಮಂತ್ರಿಯ ಜಾಗ. ಎಣಿಕೆ ಶುರುವಾಗುವಾಗ ನಮಗೆ ಬುಧವಾರ ಬೆಳಗ್ಗೆ. ಟಿವಿ ಹಾಕಿ ಕೂತವರಿಗೆ ಒಂದು ಮಾತು: ನಮ್ಮ ಇವಿಎಂ ಎಣಿಕೆಯ ಹಾಗೆ ಮಧ್ಯಾಹ್ನದೊಳಗೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ಅಂಚೆಯಲ್ಲಿ ಬಂದ ಮತಪತ್ರಗಳ ಸಹಿ ಪರಿಶೀಲಿಸಿ ಎಣಿಸಬೇಕು. 2022ರಲ್ಲಿ ಮತದಾನ ನವೆಂಬರ್ 8ಕ್ಕೆ ಆಗಿತ್ತು, ಕೆಳಮನೆ ಯಾರದು ಅಂತ ಖಚಿತವಾಗಿದ್ದು 16ಕ್ಕೆ. ತಡವಾದರೆ ಮೋಸ ಅಂತಲ್ಲ. ಕೆಳಮನೆಗೆ 218 ಬಹುಮತದ ಗೆರೆ. ಸೆನೆಟಿನಲ್ಲಿ 50-50 ಆದರೆ ಉಪಾಧ್ಯಕ್ಷರ ಮತ ತೀರ್ಮಾನಿಸುತ್ತದೆ.

ನಾನು ಮಾತ್ರ ಮೊದಲು ಹುಡುಕುವುದು ನೂರಕ್ಕೆ ಎಷ್ಟು ಜನ ಬಂದರು ಅನ್ನುವ ಅಂಕಿಯನ್ನು. ಬೋರ್ಡಿನ ಮೇಲೆ 2014ರ 36, 2018ರ 50 ಬರೆದು, ಪಕ್ಕದಲ್ಲಿ ಒಂದು ಜಾಗ ಖಾಲಿ ಬಿಡುತ್ತೇನೆ.