ಅಟ್ಯಾಚ್‌ಮೆಂಟ್ ಸಿಕ್ಕಿಸಿದಾಗ ಮಾತ್ರ ಫಾಲ್ಟ್ ಕೋಡ್: ಕಾಯಿಲ್ ಬದಲಿಸಿದರೂ ಹೋಗದಿದ್ದರೆ?

ಓದುಗರ ಪ್ರಶ್ನೆ: ನಮ್ಮ ಸ್ಕಿಡ್ ಸ್ಟಿಯರ್ ಲೋಡರ್‌ಗೆ (ಮುಂದೆ ಬೇರೆ ಬೇರೆ ಅಟ್ಯಾಚ್‌ಮೆಂಟ್ ಸಿಕ್ಕಿಸುವ ಸಣ್ಣ ಲೋಡರ್) ರಸ್ತೆ ಕೆರೆಯುವ ಕೋಲ್ಡ್ ಪ್ಲೇನರ್ ಹಾಕಿದಾಗ ಮಾತ್ರ ಡಿಸ್‌ಪ್ಲೇಯಲ್ಲಿ ಎಲೆಕ್ಟ್ರಿಕಲ್ ದೋಷದ ಕೋಡ್ ಬರುತ್ತದೆ. ಡ್ರಮ್ಮನ್ನು ಎಡಕ್ಕೆ ಸರಿಸುವ ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಬಲಕ್ಕೆ ಸರಿಯಾಗಿ ಹೋಗುತ್ತದೆ. ಬಕೆಟ್ ಹಾಕಿದರೆ ಕೋಡೂ ಇಲ್ಲ, ತೊಂದರೆಯೂ ಇಲ್ಲ. ಹೊಸ ಸೊಲೆನಾಯ್ಡ್ ಕಾಯಿಲ್ (ಕರೆಂಟ್ ಕೊಟ್ಟಾಗ ಹೈಡ್ರಾಲಿಕ್ ವಾಲ್ವ್ ತೆರೆಯುವ ತಂತಿ ಸುರುಳಿ) ಹಾಕಿದೆವು, ಎರಡೇ ದಿನದಲ್ಲಿ ಮತ್ತೆ ಅದೇ ಕೋಡ್. ಈಗ ಮೆಕ್ಯಾನಿಕ್ ಕಂಟ್ರೋಲರ್ (ಗಾಡಿಯ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ) ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಬೇಕೇ?

ಈಗಲೇ ಬೇಡ. ಕೋಡ್ ಹೇಳುವುದು ಯಾವ ಸರ್ಕಿಟ್‌ನಲ್ಲಿ ತೊಂದರೆ ಎಂದೇ ಹೊರತು ಯಾವ ಪಾರ್ಟ್ ಕೆಟ್ಟಿದೆ ಎಂದಲ್ಲ. ಕಂಟ್ರೋಲರ್‌ಗೆ ತಿಳಿಯುವುದು ತನ್ನ ಪಿನ್ನಿನಲ್ಲಿರುವ ವೋಲ್ಟೇಜ್ ಮತ್ತು ಕರೆಂಟ್ ಅಷ್ಟೆ. ಅಲ್ಲಿಂದ ಕಾಯಿಲ್‌ವರೆಗೆ ಲೋಡರ್‌ನ ವೈರಿಂಗ್, ಆರ್ಮ್ ಜೊತೆ ಬಾಗುವ ಭಾಗ, ಅಟ್ಯಾಚ್‌ಮೆಂಟ್‌ನ ದೊಡ್ಡ ಪ್ಲಗ್, ಅದರ ವೈರಿಂಗ್, ಕಾಯಿಲ್ ತಲೆಯ ಸಣ್ಣ ಕನೆಕ್ಟರ್, ಆಮೇಲೆ ಬ್ಯಾಟರಿ ಮೈನಸ್‌ಗೆ ವಾಪಸು ಬರುವ ದಾರಿಯಾದ ಅರ್ತ್ ಇವೆ. ಇಷ್ಟರಲ್ಲಿ ಎಲ್ಲಿ ಕಡಿದರೂ ಬರುವುದು ಒಂದೇ ಕೋಡ್. ಬಕೆಟ್‌ಗೆ ವೈರಿಂಗೇ ಇಲ್ಲ, ಹಾಗಾಗಿ ಬಕೆಟ್ ಹಾಕಿದಾಗ ಕೋಡ್ ಬಾರದಿರುವುದು ಲೋಡರ್ ಸರಿಯಿದೆ ಎನ್ನಲು ಸಾಕ್ಷಿಯಾಗುವುದಿಲ್ಲ.

ಮೊದಲು ಕೋಡನ್ನು ಪೂರ್ತಿ ಬರೆದುಕೊಳ್ಳಿ, ಅಳಿಸಬೇಡಿ. ಈಗ ಇರುವ ಆ್ಯಕ್ಟಿವ್ ಕೋಡೋ, ಹಿಂದೆ ಬಂದು ದಾಖಲಾದದ್ದೋ ನೋಡಿ. ಕೀ ಆನ್ ಮಾಡಿದ ಕೂಡಲೇ ಬರುತ್ತದೋ, ಬಟನ್ ಒತ್ತಿದಾಗ ಬರುತ್ತದೋ, ಒಂದು ಗಂಟೆ ಕೆಲಸವಾಗಿ ಬಿಸಿಯಾದ ಮೇಲೋ ಎಂಬುದೂ ಮುಖ್ಯ. ಜೆ1939 (ಭಾರೀ ವಾಹನಗಳ ಕಂಟ್ರೋಲರ್‌ಗಳು ಮಾತಾಡಿಕೊಳ್ಳುವ ಪದ್ಧತಿ) ಅನುಸರಿಸುವ ಯಂತ್ರಗಳಲ್ಲಿ ಕೋಡಿನ ಕೊನೆಗೆ ದೋಷದ ಬಗೆ ಹೇಳುವ ಎಫ್‌ಎಂಐ ಎಂಬ ಸಂಖ್ಯೆ ಇರುತ್ತದೆ. ಬಹಳ ಜನ ಅದನ್ನು ಓದದೇ ಬಿಡುತ್ತಾರೆ, ಆದರೆ ಅರ್ಧ ಉತ್ತರ ಇರುವುದು ಅಲ್ಲೇ. 5 ಎಂದರೆ ಕರೆಂಟ್ ಕಡಿಮೆ ಅಥವಾ ಸರ್ಕಿಟ್ ಕಡಿದಿದೆ. 6 ಎಂದರೆ ಕರೆಂಟ್ ಹೆಚ್ಚು ಅಥವಾ ಅರ್ತ್‌ಗೆ ಶಾರ್ಟ್. 3 ಬಂದರೆ ವೋಲ್ಟೇಜ್ ಮೇಲೆ ಹೋಗಿದೆ, 4 ಬಂದರೆ ಕೆಳಗೆ ಬಿದ್ದಿದೆ. 2 ಎಂದರೆ ಸಿಗ್ನಲ್ ತಾಳತಪ್ಪಿದೆ, ಸಾಮಾನ್ಯವಾಗಿ ಲೂಸ್ ಕಾಂಟ್ಯಾಕ್ಟ್. 9 ಅಥವಾ 19 ಕಂಡರೆ ಕಂಟ್ರೋಲರ್‌ಗಳ ನಡುವಿನ ಸಂದೇಶದಲ್ಲೇ ತೊಂದರೆ. ಕೆಲವು ಕಂಪನಿಗಳು ತಮ್ಮದೇ ಸಂಖ್ಯೆ ಕೊಡುತ್ತವೆ, ಆಗ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ಲೇ ಗತಿ.

ಸೆನ್ಸರ್‌ಗಳಲ್ಲಿ ಒಂದು ಮೋಸವಿದೆ. ಅನೇಕ ಕಂಟ್ರೋಲರ್‌ಗಳು ಸಿಗ್ನಲ್ ವೈರನ್ನು ಒಳಗಿನಿಂದಲೇ ಮೇಲಿನ ವೋಲ್ಟೇಜಿಗೆ ಎಳೆದು ಹಿಡಿದಿರುತ್ತವೆ. ಅಂಥಲ್ಲಿ ವೈರ್ ಕಡಿದರೂ 5 ಬರುವುದಿಲ್ಲ, 3 ಬರುತ್ತದೆ. ಇಲ್ಲದ ಶಾರ್ಟ್ ಹುಡುಕಿ ದಿನ ಕಳೆಯುವುದು ಹೀಗೆ. ಇನ್ನೊಂದು, ಹಲವು ಸೆನ್ಸರ್‌ಗಳಿಗೆ 5 ವೋಲ್ಟ್ ಸಪ್ಲೈ ಒಂದೇ ಆಗಿದ್ದರೆ ಒಂದು ಸೆನ್ಸರ್ ಶಾರ್ಟ್ ಆದರೂ ನಾಲ್ಕೈದು ಕೋಡ್ ಒಟ್ಟಿಗೆ ಬರುತ್ತವೆ. ಒಂದೊಂದಾಗಿ ಪ್ಲಗ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಉಳಿದ ಕೋಡ್‌ಗಳು ಮಾಯವಾಗುತ್ತವೋ ಅದೇ ಕಳ್ಳ.

ನಿಮ್ಮದು ಎಡ ಮಾತ್ರ ಸತ್ತು ಬಲ ಬದುಕಿರುವ ಕೇಸ್, ಅದೃಷ್ಟದ್ದು. ಹೋಲಿಸಲು ಪಕ್ಕದಲ್ಲೇ ಸರಿಯಾದ ಜೋಡಿ ಇದೆ. ಅಟ್ಯಾಚ್‌ಮೆಂಟ್ ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ, ಹೈಡ್ರಾಲಿಕ್ ಪ್ರೆಶರ್ ಬಿಡಿ. ಎತ್ತಿದ ಆರ್ಮ್ ಕೆಳಗೆ ಕೈ ಹಾಕಲೇಬೇಕಾದರೆ ಆರ್ಮ್ ಸಪೋರ್ಟ್ ಕೂರಿಸಿದ ಮೇಲಷ್ಟೇ. ಆಮೇಲೆ ವಾಲ್ವ್ ಮೇಲಿನ ಎಡ-ಬಲ ಕಾಯಿಲ್ ಪ್ಲಗ್‌ಗಳನ್ನು ಅದಲುಬದಲು ಮಾಡಿ, ಕೀ ಆನ್ ಮಾಡಿ ಪರೀಕ್ಷಿಸಿ. ಕೋಡ್ ಬಲಕ್ಕೆ ಹಾರಿದರೆ ಕಾಯಿಲ್ ಕೆಟ್ಟಿದೆ, ಎಡದಲ್ಲೇ ನಿಂತರೆ ಕಾಯಿಲ್ ನಿರಪರಾಧಿ. ಹೀಗೆ ಅದಲುಬದಲಾದಾಗ ಎಂಜಿನ್ ಓಡಿಸಿದರೆ ಡ್ರಮ್ ಎದುರು ದಿಕ್ಕಿಗೆ ಸರಿಯುತ್ತದೆ ಎಂಬುದು ನೆನಪಿರಲಿ, ಹತ್ತಿರ ಯಾರೂ ನಿಂತಿರಬಾರದು. ಐದು ನಿಮಿಷದ ಈ ಕೆಲಸ ಮಾಡದೆ ಕಾಯಿಲ್ ಕೊಳ್ಳಲು ಹೋಗಬಾರದಿತ್ತು.

ಹೊಸ ಕಾಯಿಲ್ಲೇ ತಪ್ಪಿದ್ದಾಗಿರಲೂ ಸಾಧ್ಯ. 12 ವೋಲ್ಟ್‌ನ 18 ವ್ಯಾಟ್ ಕಾಯಿಲ್ ತಣ್ಣಗಿದ್ದಾಗ 8 ಓಮ್ ತೋರಿಸಬೇಕು, 1.5 ಆಂಪ್ ಎಳೆಯಬೇಕು. ಅಷ್ಟೇ ವ್ಯಾಟಿನ 24 ವೋಲ್ಟ್ ಕಾಯಿಲ್ 32 ಓಮ್ ಇರುತ್ತದೆ. ಗಾತ್ರದಲ್ಲಿ ಎರಡೂ ಒಂದೇ, ವಾಲ್ವ್ ಮೇಲೆ ಸರಿಯಾಗಿ ಕೂರುತ್ತದೆ, ಆದರೆ 24 ವೋಲ್ಟ್ ಕಾಯಿಲ್‌ಗೆ 12 ವೋಲ್ಟ್ ಕೊಟ್ಟರೆ ಸಿಗುವುದು ಕಾಲು ಭಾಗ ಶಕ್ತಿ. ಕರೆಂಟ್ ಕಡಿಮೆ ಎಂದು ಕಂಟ್ರೋಲರ್ ಕೂಗುವುದು ಸಹಜ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ಕಾಯಿಲ್‌ಗೆ ಪ್ಲಸ್-ಮೈನಸ್ ತಿರುಗಾಮುರುಗಾ ಕೊಟ್ಟರೆ ಬಟನ್ ಒತ್ತಿದ ಕ್ಷಣ ಡಯೋಡ್ ಮೂಲಕವೇ ಶಾರ್ಟ್ ಆಗಿ 6 ಬರುತ್ತದೆ. ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: 20 ಡಿಗ್ರಿಯಲ್ಲಿ 8 ಓಮ್ ಇದ್ದ ತಾಮ್ರದ ಸುರುಳಿ 100 ಡಿಗ್ರಿಗೆ ಹತ್ತೂವರೆ ಓಮ್ ಆಗುತ್ತದೆ, ಅದು ದೋಷವಲ್ಲ. ಬಿಸಿಯಾದಾಗ ಮೀಟರ್ ಅನಂತ ತೋರಿಸಿ ತಣ್ಣಗಾದ ಮೇಲೆ 8ಕ್ಕೆ ಮರಳಿದರೆ ಸುರುಳಿ ಒಳಗೇ ಕಡಿದಿದೆ.

ಕಾಯಿಲ್ ಸರಿಯಿದೆ ಎಂದಾದರೆ ಮುಂದಿನ ಶಂಕೆ ದೊಡ್ಡ ಪ್ಲಗ್ ಮೇಲೆ. ಅಟ್ಯಾಚ್‌ಮೆಂಟ್ ಬಿಚ್ಚಿದಾಗಲೆಲ್ಲ ಇದು ಕೆಸರಿಗೆ ಬೀಳುತ್ತದೆ, ಆಮೇಲೆ ಯಾರೋ ಪ್ರೆಶರ್ ವಾಷರ್ ಹಿಡಿಯುತ್ತಾರೆ. ಪಿನ್ ಹಸಿರುಗಟ್ಟಿದೆಯೇ, ಒಂದು ಪಿನ್ ಮಾತ್ರ ಹಿಂದಕ್ಕೆ ಸರಿದಿದೆಯೇ, ರಬ್ಬರ್ ಸೀಲ್ ಇದೆಯೇ ನೋಡಿ. ಕಣ್ಣಿಗೆ ಕಾಣದ ದೋಷ ಹೆಣ್ಣು ಪಿನ್ನಿನ ಬಾಯಿ ಅಗಲವಾಗಿರುವುದು. ಅದೇ ಅಳತೆಯ ಬಿಡಿ ಗಂಡು ಪಿನ್ ಒಂದನ್ನು ಒಂದೊಂದರೊಳಗೂ ತೂರಿಸಿ ಎಳೆಯಿರಿ, ಬಿಗಿ ಇಲ್ಲದೆ ಜಾರಿದ್ದನ್ನು ಬದಲಿಸಿ. ಟೆಸ್ಟರ್ ಮೊನೆಯನ್ನು ಬಲವಂತವಾಗಿ ತೂರಿಸಿ ಬಾಯಿ ಅಗಲ ಮಾಡುವವರು ನಾವೇ, ಆ ಅಭ್ಯಾಸ ಬಿಡಬೇಕು. 7, 8, 14 ಪಿನ್ ಪ್ಲಗ್‌ಗಳ ನಡುವೆ ಅಡಾಪ್ಟರ್ ಹಾಕಿದ್ದರೆ ಯಾವ ಪಿನ್ ಯಾವುದಕ್ಕೆ ಎಂಬ ನಕ್ಷೆ ಎರಡೂ ಕಡೆಯದ್ದು ಬೇಕು. 14 ಪಿನ್ ಆಗಿದ್ದರೆ ಸಾಕು, ಎಲ್ಲ ಕಂಪನಿಗೂ ಒಂದೇ ಎಂದುಕೊಳ್ಳುವುದು ದುಬಾರಿ ತಪ್ಪು.

ಈಗ ವೈರಿಂಗ್. ಇಲ್ಲಿ ಮೀಟರಿನ ಬಜರ್ ನಂಬಬೇಡಿ, ಹತ್ತಿಪ್ಪತ್ತು ಓಮ್ ಇದ್ದರೂ ಅದು ಕೂಗುತ್ತದೆ. ಕಿಲುಬು ಹಿಡಿದ ಜಾಯಿಂಟ್‌ನಲ್ಲಿ ಬರೀ 3 ಓಮ್ ಇದ್ದರೂ 8 ಓಮ್ ಕಾಯಿಲ್‌ಗೆ 12.6ರಲ್ಲಿ 9 ವೋಲ್ಟ್ ಚಿಲ್ಲರೆ ಮಾತ್ರ ತಲುಪುತ್ತದೆ. ಆದ್ದರಿಂದ ಲೋಡ್ ಕೊಟ್ಟೇ ಪರೀಕ್ಷಿಸಬೇಕು. ಶಂಕೆಯ ವೈರನ್ನು ಎರಡೂ ತುದಿಯಲ್ಲಿ ಬಿಡಿಸಿ, ಒಂದು ತುದಿಗೆ 5 ಆಂಪ್ ಫ್ಯೂಸ್ ಮೂಲಕ ಬ್ಯಾಟರಿ ಪ್ಲಸ್ ಕೊಡಿ, ಇನ್ನೊಂದು ತುದಿಗೆ ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್ ಕಟ್ಟಿ ಬ್ಯಾಟರಿ ಮೈನಸ್‌ಗೆ ಸೇರಿಸಿ. ಬಲ್ಬ್ ಎಳೆಯುವುದು ಸುಮಾರು 1.75 ಆಂಪ್, ಕಾಯಿಲ್‌ನಷ್ಟೇ ಅಂದುಕೊಳ್ಳಿ. ಉರಿಯುತ್ತಿರುವಾಗ ವೈರಿನ ಎರಡು ತುದಿಗಳ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಇಳಿತ ಕಂಡರೆ ವೈರ್ ಕೆಟ್ಟಿದೆ. ವೈರನ್ನು ಅಲುಗಿಸುತ್ತಾ, ಬಾಗಿಸುತ್ತಾ ನೋಡಿ, ಮುಖ್ಯವಾಗಿ ಹೈಡ್ರಾಲಿಕ್ ಹೋಸ್‌ಗೆ ಉಜ್ಜುವ ಕಡೆ ಮತ್ತು ಅಟ್ಯಾಚ್‌ಮೆಂಟ್ ಪೂರ್ತಿ ಬಾಗಿದಾಗ ಎಳೆಯಲ್ಪಡುವ ಕಡೆ. ಎರಡು ದಿನ ಸರಿಯಿದ್ದು ಮತ್ತೆ ಬಂದ ಕೋಡ್‌ಗೆ ಬಹುತೇಕ ಕಾರಣ ಇಲ್ಲೇ ಸಿಗುತ್ತದೆ: ಕಾಯಿಲ್ ಬದಲಿಸುವಾಗ ವೈರ್ ಕದಲಿ ತಾತ್ಕಾಲಿಕವಾಗಿ ಕೂಡಿಕೊಂಡಿರುತ್ತದೆ. ಈ ಬಲ್ಬನ್ನು ಮಾತ್ರ ಕಂಟ್ರೋಲರ್‌ನ ಔಟ್‌ಪುಟ್ ಪಿನ್ನಿಗೆ ನೇರ ಕಟ್ಟಬೇಡಿ. ತಣ್ಣನೆಯ ಬಲ್ಬ್ ಹೊತ್ತಿಕೊಳ್ಳುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಅರ್ತ್ ಬಗ್ಗೆ ಒಂದು ಮಾತು. ಗ್ರೀಸ್ ತುಂಬಿದ ಪಿನ್-ಬುಷ್ ಕೀಲಿನ ಮೂಲಕ ಅಟ್ಯಾಚ್‌ಮೆಂಟ್‌ಗೆ ಅರ್ತ್ ಸಿಗುತ್ತದೆ ಎಂದು ನಂಬಲಾಗದು, ಪ್ಲಗ್‌ನಲ್ಲಿರುವ ಅರ್ತ್ ವೈರೇ ಆಧಾರ. ಒಂದು ಬಟನ್ ಒತ್ತಿದರೆ ಇನ್ನೊಂದೂ ಮಿಸುಕಾಡುವುದು, ಲೈಟ್ ಮಂಕಾಗುವುದು ಕಂಡರೆ ಮೊದಲು ಇದನ್ನೇ ನೋಡಿ. ಬಟನ್ ಒತ್ತಿಕೊಂಡಿರುವಾಗ ಅಟ್ಯಾಚ್‌ಮೆಂಟ್ ಕಡೆಯ ಅರ್ತ್ ಪಿನ್ನಿನಿಂದ ಬ್ಯಾಟರಿ ಮೈನಸ್‌ವರೆಗೆ 0.3 ವೋಲ್ಟ್ ದಾಟಬಾರದು.

ಅಟ್ಯಾಚ್‌ಮೆಂಟ್‌ನಲ್ಲೇ ಕಂಟ್ರೋಲರ್ ಇದ್ದು ಕ್ಯಾನ್ ಬಸ್‌ನಲ್ಲಿ (ಕಂಟ್ರೋಲರ್‌ಗಳ ನಡುವೆ ಸಂದೇಶ ಒಯ್ಯುವ ಎರಡು ವೈರಿನ ಜಾಲ) ಮಾತಾಡುವುದಾದರೆ, ಬ್ಯಾಟರಿ ಬಿಡಿಸಿ, ಎಲ್ಲ ಪ್ಲಗ್ ಸೇರಿಸಿಟ್ಟು ಆ ಎರಡು ವೈರ್‌ಗಳ ನಡುವೆ ಓಮ್ ಅಳೆಯಿರಿ. ಎರಡು ತುದಿಯಲ್ಲೂ 120 ಓಮ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, 40 ಬಂದರೆ ಬೇಡದ ಮೂರನೆಯ ರೆಸಿಸ್ಟರ್ ಸೇರಿದೆ, ಸೊನ್ನೆಯ ಹತ್ತಿರ ಬಂದರೆ ಎರಡೂ ವೈರ್ ತಾಗಿವೆ.

ಕಾರವಾರದಿಂದ ಮಂಗಳೂರುವರೆಗಿನ ಕರಾವಳಿಯಲ್ಲಿ ದುಡಿಯುವ ಗಾಡಿಯಾದರೆ ಕತ್ತರಿಸಿದ ವೈರಿನ ಒಳಗೇ ತಾಮ್ರ ಕಪ್ಪಾಗಿರುವುದು ಮಾಮೂಲು. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಸರಿಯಾದ ಕ್ರಿಂಪ್ (ಒತ್ತಿ ಕೂರಿಸುವ ಲೋಹದ ಜೋಡಣೆ) ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಮುಚ್ಚಿ. ಇನ್ಸುಲೇಷನ್ ಟೇಪ್ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಪರೀಕ್ಷೆಗೆಂದು ವೈರಿಗೆ ಸೂಜಿ ಚುಚ್ಚಿದ್ದರೆ ಆ ರಂಧ್ರವನ್ನೂ ಮುಚ್ಚಿ, ನೀರಿಗೆ ಅಷ್ಟು ದಾರಿ ಸಾಕು.

ಇಷ್ಟೂ ಸರಿಯಿದ್ದು, ಪಿನ್ನಿನವರೆಗಿನ ವೈರಿಂಗ್ ಒಳ್ಳೆಯದೆಂದು ಖಚಿತವಾಗಿ, ಕಂಟ್ರೋಲರ್‌ಗೆ ಪ್ಲಸ್ ಮತ್ತು ಅರ್ತ್ ಪೂರ್ತಿ ಸಿಗುತ್ತಿದ್ದರೂ ಎಡ ಔಟ್‌ಪುಟ್ ಬಾರದಿದ್ದರೆ ಆಗ ಕಂಟ್ರೋಲರ್ ಮೇಲೆ ಕೈ ಇಡಬಹುದು. ಅದಕ್ಕೂ ಮೊದಲು ಪ್ಲೇನರನ್ನು ಅದೇ ಮಾಡೆಲಿನ ಇನ್ನೊಂದು ಲೋಡರ್‌ಗೆ ಹಾಕಿ ನೋಡುವ ಅವಕಾಶವಿದ್ದರೆ ಬಿಡಬೇಡಿ. ಕೋಡ್ ಪ್ಲೇನರ್ ಜೊತೆಗೇ ಹೋದರೆ ಲೋಡರ್‌ನ ಕಂಟ್ರೋಲರ್ ಉಳಿಯಿತು. ಹೊಸ ಕಂಟ್ರೋಲರ್‌ಗೆ ಅನೇಕ ಗಾಡಿಗಳಲ್ಲಿ ಕಂಪನಿಯ ಸಾಫ್ಟ್‌ವೇರ್ ತುಂಬಿಸಬೇಕಾಗುತ್ತದೆ, ಹಾಗಾಗಿ ಹಳೆ ಗಾಡಿಯಿಂದ ಬಿಚ್ಚಿ ತಂದದ್ದು ಹಾಗೇ ಓಡುತ್ತದೆಂಬ ಭರವಸೆ ಇಲ್ಲ. ಇತ್ತೀಚೆಗೆ ಪ್ಲೇನರ್‌ಗೆ ವೆಲ್ಡಿಂಗ್ ಮಾಡಿಸಿದ್ದೀರಾ, ಆಗ ಪ್ಲಗ್ ಲೋಡರ್‌ಗೆ ಸಿಕ್ಕಿಸಿಯೇ ಇತ್ತೇ ಎಂದೂ ಆಪರೇಟರನ್ನು ಕೇಳಿ. ಹೌದು ಎಂದರೆ ವೆಲ್ಡಿಂಗ್ ಕರೆಂಟ್ ವೈರಿಂಗ್ ಮೂಲಕ ಕಂಟ್ರೋಲರ್‌ಗೆ ನುಗ್ಗಿರಬಹುದು, ಅದರ ಮೇಲಿನ ಅನುಮಾನಕ್ಕೆ ಬಲ ಬಂತು.