ಇನ್‌ಕ್ಯುಬೇಟರಿನ ಕಿಂಡಿಯೊಳಗೆ ಕೈ ಹಾಕುವ ಮುನ್ನ

ದಿನ ತುಂಬದೆ ಹುಟ್ಟಿದ ಮಗು ಎನ್‌ಐಸಿಯುನಲ್ಲಿದ್ದರೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ತಂದೆತಾಯಿ ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕುತ್ತಿರುತ್ತಾರೆ. ಹಾಗೆ ಸಿಗುವ ವಿಷಯಗಳಲ್ಲಿ ಸ್ನಾಯು, ಕೀಲುಗಳನ್ನು ಕೈಯಿಂದ ಮುಟ್ಟಿ ಮಾಡುವ ಆಸ್ಟಿಯೋಪಥಿ ಎಂಬ ಚಿಕಿತ್ಸೆಯೂ ಒಂದು. ತಲೆಯ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ, ಅವೂ ಅಲುಗುವುದೇ ಇಲ್ಲ. ಇದೆಂಥ ಚಿಕಿತ್ಸೆ, ನಮ್ಮ ಮಗುವಿಗೂ ಮಾಡಿಸಬಹುದೇ ಎಂದು ಕೇಳುತ್ತಾರೆ.

ಈ ಕೆಲಸ ಹೆಚ್ಚು ನಡೆದಿರುವುದು ಇಟಲಿಯಲ್ಲಿ. ಅಲ್ಲಿ 2018ರ ಕಾನೂನು ಆಸ್ಟಿಯೋಪಾತ್‌ರನ್ನು ಆರೋಗ್ಯ ವೃತ್ತಿಯವರೆಂದು ಗುರುತಿಸಿದೆ. ಪೆಸ್ಕಾರಾ ನಗರದ ಆಸ್ಪತ್ರೆಯಲ್ಲಿ 110 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದಾದ ಮೇಲೆ ಮೂರು ಎನ್‌ಐಸಿಯುಗಳ 695 ಮಕ್ಕಳ ದೊಡ್ಡ ಅಧ್ಯಯನ 2015ರಲ್ಲಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಬಂತು. ವಾರಕ್ಕೆರಡು ಸಲ ಚಿಕಿತ್ಸೆ ಪಡೆದ ಮಕ್ಕಳು ಸರಾಸರಿ ಸುಮಾರು 4 ದಿನ ಮೊದಲೇ ಮನೆಗೆ ಹೋದರು. ತೂಕದಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

4 ದಿನವೆಂದರೆ ಸಣ್ಣ ಲಾಭವಲ್ಲ. ಆದರೆ ಡಿಸ್ಚಾರ್ಜ್ ದಿನ ರಕ್ತಪರೀಕ್ಷೆಯ ಅಂಕಿಯಂತಲ್ಲ, ವೈದ್ಯರು ಮಾಡುವ ತೀರ್ಮಾನ. ಹೋಲಿಕೆಯ ಗುಂಪಿನ ಮಕ್ಕಳನ್ನು ಪರೀಕ್ಷಿಸಿದರೇ ಹೊರತು ಅಷ್ಟೇ ಹೊತ್ತು ಸುಮ್ಮನೆ ಕೈಯಿಟ್ಟು ಹಿಡಿದಿರಲಿಲ್ಲ. ಹಾಗಾಗಿ ಗುಣ ಆಸ್ಟಿಯೋಪಥಿಯದೋ, ಅವಸರವಿಲ್ಲದ ಬೆಚ್ಚಗಿನ ಕೈಯದೋ ಎಂಬುದು ಬಗೆಹರಿಯಲಿಲ್ಲ. ತಲೆಬುರುಡೆಯ ಮೂಳೆಗಳಿಗೆ ತಮ್ಮದೇ ಲಯವಿದೆ, ಅದು ಬೆರಳಿಗೆ ತಿಳಿಯುತ್ತದೆ ಎಂಬ ಹಳೆಯ ವಾದವನ್ನಂತೂ ನಾವು ಒಪ್ಪುವುದಿಲ್ಲ. ಒಂದೇ ತಲೆಯನ್ನು ಇಬ್ಬರು ಮುಟ್ಟಿ ನೋಡಿದರೆ ಎರಡು ಲಯ ಹೇಳುತ್ತಾರೆ.

ಇನ್ನು ಚಿಕಿತ್ಸಕರ ಕೈಕೆಲಸ. ಮೂರು ಗಂಟೆಗೊಮ್ಮೆ ಹಾಲು ಕುಡಿಯುವ ಮಗುವಾದರೆ ಹಾಲಿಗೆ ಮುಂಚೆ, ನರ್ಸ್ ಡೈಪರ್ ಬದಲಿಸುವ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ಹಾಲಾದ ಒಂದು ಗಂಟೆಯೊಳಗೆ ಮುಟ್ಟಿದರೆ ಕಕ್ಕುವ ಸಂಭವ ಹೆಚ್ಚು. ಗಾಢನಿದ್ರೆಯಲ್ಲಿದ್ದರೆ ಎಬ್ಬಿಸಬಾರದು. ಬಳೆ, ಉಂಗುರ, ವಾಚು ತೆಗೆದು ಮೊಣಕೈವರೆಗೆ ತೊಳೆದು ಕೈ ಪೂರ್ತಿ ಒಣಗಬೇಕು. ಸ್ಯಾನಿಟೈಸರ್ ಹಚ್ಚಿದ ಕೈ ತಣ್ಣಗಿರುತ್ತದೆ, ಅದು ಬೆಚ್ಚಗಾಗುವವರೆಗೂ ಕಾಯಬೇಕು. ದೊಡ್ಡ ಬಾಗಿಲು ತೆರೆದರೆ ಒಳಗಿನ ಶಾಖ ಹೋಗುತ್ತದೆ, ಆದ್ದರಿಂದ ಕಿಂಡಿಯಿಂದಲೇ ಕೈ ಹಾಕಬೇಕು.

ಮೊದಲ ಒಂದೆರಡು ನಿಮಿಷ ಕೈ ಸುಮ್ಮನಿರಬೇಕು. ಒಂದು ಅಂಗೈ ನೆತ್ತಿಯನ್ನು ಬಳಸಿರುತ್ತದೆ, ಇನ್ನೊಂದು ಮಡಿಚಿದ ಕಾಲುಗಳನ್ನು ಹೊಟ್ಟೆಯ ಕಡೆಗೆ ಆತುಕೊಂಡಿರುತ್ತದೆ. ಬೆರಳಿನಡಿ ಚರ್ಮ ಬಿಳಿಚಿಕೊಂಡರೆ ಒತ್ತಡ ಜಾಸ್ತಿಯಾಯಿತೆಂದೇ ಅರ್ಥ. ಮೇಲುಮೇಲೆ ಸವರುವುದು ಇನ್ನೂ ಕೆಟ್ಟದ್ದು, ಅಷ್ಟು ಎಳೆಯ ಮಗುವಿಗೆ ಅದು ಕಿರಿಕಿರಿ. ಆಮೇಲೆ ಕತ್ತಿನ ಹಿಂಭಾಗ, ಪಕ್ಕೆಲುಬಿನ ಕೆಳ ಅಂಚು, ಸೊಂಟ ಎಲ್ಲಿ ಬಿಗಿಯಿದೆ ಎಂದು ನೋಡಿ, ಸ್ನಾಯು ತಾನಾಗಿ ವಾಲುವ ದಿಕ್ಕಿಗೇ ಕೈ ಹೋಗಬೇಕು, ಎದುರು ದಿಕ್ಕಿಗಲ್ಲ. ಎಳೆಯುವುದು, ತಿರುಚುವುದು, ಲಟಕ್ಕೆನಿಸುವುದು ಇಲ್ಲಿ ಇಲ್ಲವೇ ಇಲ್ಲ. ಹತ್ತು ನಿಮಿಷಕ್ಕೆ ಮುಗಿಸಬೇಕು.

ಮಾನಿಟರ್ ಕೂಗುವ ಮೊದಲೇ ಮಗು ಹೇಳಿರುತ್ತದೆ. ಬೆರಳುಗಳನ್ನು ಅಗಲಿಸಿ ಅಂಗೈ ಚಾಚುತ್ತದೆ, ಬಿಕ್ಕಳಿಸುತ್ತದೆ, ಮೇಲಿಂದ ಮೇಲೆ ಆಕಳಿಸುತ್ತದೆ, ಬೆನ್ನು ಬಿಲ್ಲಾಗುತ್ತದೆ, ತೊಡೆಯ ಚರ್ಮದಲ್ಲಿ ಮಚ್ಚೆಮಚ್ಚೆ ಬಣ್ಣ ಏಳುತ್ತದೆ. ಆಗ ಕೈಯನ್ನು ಅಲ್ಲೇ ನಿಲ್ಲಿಸಿ ಹಿಡಿದಿರಬೇಕು. ಗಾಬರಿಯಿಂದ ಥಟ್ಟನೆ ತೆಗೆದರೆ ಮಗು ಬೆಚ್ಚಿಬೀಳುತ್ತದೆ. ಆಕ್ಸಿಜನ್ ಕೊಡುತ್ತಿರುವ ಮಗುವಿನ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 90ಕ್ಕಿಂತ ಕೆಳಗೆ ನಿಂತರೆ, ಇಲ್ಲವೇ ಹೃದಯ ಬಡಿತ ನಿಮಿಷಕ್ಕೆ 100ಕ್ಕಿಂತ ಇಳಿದರೆ ಅವತ್ತಿನ ಕೆಲಸ ಮುಗಿಯಿತು.

ವೆಂಟಿಲೇಟರ್ ಮೇಲಿರುವ ಮಗುವಿನ ಕತ್ತಿನ ವಿಷಯದಲ್ಲಿ ಎಷ್ಟು ಹೇಳಿದರೂ ಸಾಲದು. ಒಂದು ಕೆಜಿ ಮಗುವಿಗೆ ಉಸಿರಿನ ಕೊಳವೆಯನ್ನು ತುಟಿಯ ಹತ್ತಿರ 7 ಸೆಂ.ಮೀ. ಗುರುತಿಗೆ ಅಂಟಿಸಿರುತ್ತಾರೆ. ಗದ್ದ ಎದೆಯ ಕಡೆ ಬಾಗಿದರೆ ಕೊಳವೆ ಕೆಳಗಿಳಿದು ಬಲ ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗಬಹುದು. ಕತ್ತು ಹಿಂದಕ್ಕೆ ಬಾಗಿದರೆ ಮೇಲಕ್ಕೆ ಸರಿದು ಹೊರಗೇ ಬರಬಹುದು. ಪ್ಲಾಸ್ಟರ್ ಮಾತ್ರ ಅಂಟಿಸಿದಲ್ಲೇ ಇರುವುದರಿಂದ ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಇಂಥ ಮಗುವಿನ ಕತ್ತಿಗೆ ನಾವು ಕೈ ಹಚ್ಚುವುದಿಲ್ಲ.

32 ವಾರಕ್ಕೆ ಮೊದಲು ಹುಟ್ಟಿದ್ದರೆ ಮೊದಲ 72 ಗಂಟೆ ಅಗತ್ಯವಿಲ್ಲದೆ ಮುಟ್ಟುವುದೇ ಬೇಡ. ಮಿದುಳಿನೊಳಗಿನ ತೆಳು ರಕ್ತನಾಳಗಳು ಒಡೆಯುವ ಭಯ ಆಗಲೇ ಹೆಚ್ಚು, ತಲೆಯನ್ನು ನೇರವಾಗಿ ನಡುವಿನಲ್ಲಿಟ್ಟಿರುತ್ತಾರೆ. ಹೊಟ್ಟೆ ಉಬ್ಬಿ, ಮೂಗಿನ ನಳಿಕೆಯಲ್ಲಿ ಹಸಿರು ಬಂದರೆ ಕರುಳಿನ ಸೋಂಕಿನ ಅನುಮಾನ, ಹೊಟ್ಟೆಯ ಹತ್ತಿರ ಕೈ ಸುಳಿಯಬಾರದು. ಇಟಲಿಯವರೂ ಅಂಥ ಮಕ್ಕಳನ್ನು ಅಧ್ಯಯನದಿಂದ ಹೊರಗಿಟ್ಟಿದ್ದರು. 1500 ಗ್ರಾಂಗಿಂತ ಕಡಿಮೆ ತೂಕದವರಲ್ಲಿ ರಂಜಕ ಕಡಿಮೆಯಾಗಿ ಮೂಳೆ ಟೊಳ್ಳಾಗುವುದುಂಟು. ಪಕ್ಕೆಲುಬು ಮುರಿದದ್ದು ಎಷ್ಟೋ ಸಲ ಬೇರೆ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲೇ ಗೊತ್ತಾಗುತ್ತದೆ.

'ಮೃದುವಾದ ಚಿಕಿತ್ಸೆ ತಾನೆ, ಏನಾದೀತು' ಎನ್ನುವವರು ನ್ಯೂಜಿಲೆಂಡಿನಲ್ಲಿ ಆದದ್ದನ್ನು ಓದಬೇಕು. ಕಫ ಸಡಿಲಿಸಲು ಎದೆ ತಟ್ಟುವ ಫಿಸಿಯೋಥೆರಪಿ ಆಗ ವಾಡಿಕೆಯಲ್ಲಿತ್ತು. 1992ರಿಂದ 94ರ ನಡುವೆ ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ 13 ಶಿಶುಗಳಿಗೆ ವಿಚಿತ್ರ ಬಗೆಯ ಮಿದುಳಿನ ಹಾನಿಯಾಗಿದ್ದು ಪತ್ತೆಯಾಯಿತು. ತಟ್ಟುವಾಗ ತಲೆ ಅಲುಗಿದ್ದೇ ಕಾರಣವಿರಬೇಕೆಂಬ ಅನುಮಾನ ಬಂದು ಆ ಪದ್ಧತಿ ಅಲ್ಲಿ ನಿಂತಿತು.

ನಮ್ಮ ಕಡೆ ಅಪಾಯ ಹೆಚ್ಚಾಗಿ ಮನೆಗೆ ಬಂದ ಮೇಲೆ. ಎಣ್ಣೆನೀರು ಹಾಕುವವರು ತಲೆ ದುಂಡಗಾಗಲೆಂದು ಒತ್ತುತ್ತಾರೆ, ಮೂಗು ತಿದ್ದುತ್ತಾರೆ, ಕೈಕಾಲು ಅಡ್ಡ ಎಳೆದು ಹುರಿ ಬಿಡಿಸುತ್ತಾರೆ. ದಿನ ತುಂಬದ ಮಗುವಿಗೆ ಇದ್ಯಾವುದೂ ಬೇಡವೆಂದು ಡಿಸ್ಚಾರ್ಜ್ ದಿನ ಅಜ್ಜಿಯನ್ನೂ ಕೂರಿಸಿಕೊಂಡು ಹೇಳಬೇಕು. ಒಂದೇ ಕಡೆ ಮಲಗಿ ತಲೆ ಚಪ್ಪಟೆಯಾಗಿದ್ದರೆ ಮಲಗಿಸಿದ ಮಗುವಿನ ಮುಖವನ್ನು ಸರದಿಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಎಚ್ಚರವಿದ್ದಾಗ ಎದುರಿಗೇ ಕೂತು ಸ್ವಲ್ಪ ಹೊತ್ತು ಬೋರಲು ಹಾಕಿದರೆ ಸಾಕು.

ಆಸ್ಟಿಯೋಪಥಿ ಕೇಳಿ ಬಂದವರಿಗೆ ನಾವು ಮೊದಲು ಕೇಳುವುದು ಕಾಂಗರೂ ಆರೈಕೆ, ಅಂದರೆ ಮಗುವನ್ನು ತಾಯಿ ಅಥವಾ ತಂದೆಯ ಬರಿ ಎದೆಗೆ ಅಂಟಿಸಿಟ್ಟುಕೊಳ್ಳುವುದು, ದಿನಕ್ಕೆ ಎಷ್ಟು ಗಂಟೆ ಆಗುತ್ತಿದೆ ಎಂದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿರುವುದು 8ರಿಂದ 24 ಗಂಟೆ, ಅದಕ್ಕೆ ಜೀವ ಉಳಿಸಿದ ಪುರಾವೆಯೇ ಇದೆ. ಬಹಳಷ್ಟು ಕಡೆ ಆಗುತ್ತಿರುವುದು ಒಂದೋ ಎರಡೋ ಗಂಟೆ. ತಾಯಿಗೆ ಒರಗಲು ಕುರ್ಚಿಯಿಲ್ಲ, ತಂದೆಯನ್ನು ಒಳಗೆ ಬಿಡುವುದಿಲ್ಲ. ಹೊರಗಿನಿಂದ ಚಿಕಿತ್ಸಕರನ್ನು ಕರೆಸುವ ಖರ್ಚಿಗಿಂತ ಮೊದಲು ಆ ಕುರ್ಚಿ ಕೇಳಿ.